ತಿಂಗಳು ಮೊದಲು, ಟಿಕೆಟ್ ಆಮೇಲೆ: ಸೆರೆಂಗೆಟಿ–ಮಾರಾ ವಲಸೆ ನೋಡಲು ಹೊರಡುವವರಿಗೆ

ಆಫ್ರಿಕಾದ ವಲಸೆ ನೋಡಲು ಹೊರಡುವವರು ಸಾಮಾನ್ಯವಾಗಿ ಮೊದಲು ದೇಶ ಆರಿಸುತ್ತಾರೆ, ಆಮೇಲೆ ಮಕ್ಕಳ ರಜೆ ನೋಡುತ್ತಾರೆ, ಹಿಂಡು ಎಲ್ಲಿರುತ್ತದೆ ಎಂದು ಕೇಳುವುದು ಕೊನೆಗೆ. ಅಷ್ಟರಲ್ಲಿ ಮುಂಗಡ ಕಟ್ಟಿ ಆಗಿರುತ್ತದೆ. ಸುಮಾರು 13 ಲಕ್ಷ ವೈಲ್ಡ್‌ಬೀಸ್ಟ್ (ದನದಂತೆ ಕಾಣುವ ದೊಡ್ಡ ಹುಲ್ಲೆ), ಎರಡು ಲಕ್ಷದಷ್ಟು ಜೀಬ್ರಾ ಮತ್ತು ಲಕ್ಷಗಟ್ಟಲೆ ಗೆಜೆಲ್ ಜಿಂಕೆಗಳು ತಾಂಜಾನಿಯಾದ ಸೆರೆಂಗೆಟಿಯಿಂದ ಕೀನ್ಯಾದ ಮಸಾಯಿ ಮಾರಾಕ್ಕೆ ಹೋಗಿ ಮರಳುತ್ತ ವರ್ಷವಿಡೀ ಸುತ್ತುತ್ತಲೇ ಇರುತ್ತವೆ. ಮಳೆ ಬಿದ್ದಲ್ಲಿ ಹುಲ್ಲು, ಹುಲ್ಲು ಇದ್ದಲ್ಲಿ ಹಿಂಡು. ಆದ್ದರಿಂದ ‘ವಲಸೆ ಯಾವಾಗ’ ಎಂಬ ಪ್ರಶ್ನೆಗೆ ಅರ್ಥವಿಲ್ಲ. ‘ನಾವು ಹೋಗುವ ತಿಂಗಳಲ್ಲಿ ಹಿಂಡು ಎಲ್ಲಿ’ ಎಂದು ಕೇಳಬೇಕು.

ಯಾವ ತಿಂಗಳು, ಯಾವ ಜಾಗ

ಡಿಸೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಹಿಂಡು ದಕ್ಷಿಣದಲ್ಲಿ, ಎಂಡುಟು ಸುತ್ತಲಿನ ಗಿಡ್ಡ ಹುಲ್ಲಿನ ಬಯಲಿನಲ್ಲಿರುತ್ತದೆ. ಹಳೆಯ ಜ್ವಾಲಾಮುಖಿಗಳ ಬೂದಿ ಬಿದ್ದ ನೆಲ ಅದು. ಅಲ್ಲಿನ ಹುಲ್ಲಿನಲ್ಲಿ ಹಾಲೂಡುವ ತಾಯಂದಿರಿಗೆ ಬೇಕಾದ ಕ್ಯಾಲ್ಸಿಯಂ, ರಂಜಕ ಹೆಚ್ಚು. ಹುಲ್ಲು ಗಿಡ್ಡ ಇರುವುದರಿಂದ ಸಿಂಹ ಅಡಗಿ ಕೂರಲೂ ಆಗದು. ಫೆಬ್ರವರಿ ಆಸುಪಾಸಿನ ಎರಡು ಮೂರು ವಾರಗಳಲ್ಲೇ ಬಹುಪಾಲು ಕರುಗಳು ಹುಟ್ಟುತ್ತವೆ. ಕರು ಕೆಲವೇ ನಿಮಿಷಗಳಲ್ಲಿ ಎದ್ದು ನಿಲ್ಲುತ್ತದೆ. ಎಲ್ಲ ಒಟ್ಟಿಗೆ ಹುಟ್ಟುವುದರಿಂದ ಬೇಟೆಗಾರ ಪ್ರಾಣಿಗಳು ಎಷ್ಟು ತಿಂದರೂ ಮುಗಿಯುವುದಿಲ್ಲ. ಚೀತಾ ಬೇಟೆ ನೋಡುವ ಆಸೆ ಇದ್ದವರಿಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ನದಿ ದಾಟುವ ದೃಶ್ಯವೊಂದೇ ವಲಸೆ ಎಂದು ನಂಬಿರುವವರು ಈ ತಿಂಗಳನ್ನು ಸುಮ್ಮನೆ ಕೈಬಿಡುತ್ತಾರೆ.

ಏಪ್ರಿಲ್ ಮತ್ತು ಮೇ ಜೋರು ಮಳೆಯ ಕಾಲ. ಹಿಂಡು ನಡು ಸೆರೆಂಗೆಟಿಯ ಸೆರೊನೆರಾ ದಾಟಿ ವಾಯವ್ಯಕ್ಕೆ ಹೊರಡುತ್ತದೆ. ಅಲ್ಲಿ ಹಲವೆಡೆ ಎರೆಮಣ್ಣು. ವಿಜಯಪುರ, ಗದಗದ ಕಡೆಯವರಿಗೆ ಅದು ಮಳೆಯಲ್ಲಿ ಏನಾಗುತ್ತದೆಂದು ಹೇಳಬೇಕಿಲ್ಲ: ನಾಲ್ಕು ಚಕ್ರಕ್ಕೂ ಎಳೆತವಿರುವ ಲ್ಯಾಂಡ್ ಕ್ರೂಸರ್ ಕೂಡ ಹೂತು ನಿಲ್ಲುತ್ತದೆ. ಕ್ಯಾಂಪ್‌ಗಳು ಕೆಲವು ಮುಚ್ಚುತ್ತವೆ, ಉಳಿದವು ದರ ಇಳಿಸುತ್ತವೆ. ಜೂನ್‌ನಲ್ಲಿ ಹಿಂಡು ಪಶ್ಚಿಮದ ಗ್ರುಮೆಟಿ ನದಿಯ ಬಳಿ. ಜುಲೈಯಿಂದ ಅಕ್ಟೋಬರ್‌ವರೆಗೆ ಮಾರಾ ನದಿಯ ಎರಡೂ ಬದಿ, ಎಂದರೆ ಉತ್ತರ ಸೆರೆಂಗೆಟಿಯ ಕೊಗಟೆಂಡೆ ಮತ್ತು ಕೀನ್ಯಾದ ಮಸಾಯಿ ಮಾರಾ. ನವೆಂಬರ್‌ನಲ್ಲಿ ಸಣ್ಣ ಮಳೆ ಬಿದ್ದರೆ ಮತ್ತೆ ದಕ್ಷಿಣಕ್ಕೆ.

ಇದು ಪಂಚಾಂಗವಲ್ಲ. ಮಳೆ ಹಿಂದೆ ಮುಂದೆ ಆದರೆ ಹಿಂಡೂ ಎರಡು ವಾರ ಹಿಂದೆ ಮುಂದೆ ಆಗುತ್ತದೆ. ಹಾಗಾಗಿ ಒಂದು ಘಟ್ಟದ ಮೊದಲ ವಾರಕ್ಕೋ ಕೊನೆಯ ವಾರಕ್ಕೋ ಬುಕ್ ಮಾಡಬೇಡಿ, ನಡುವಿಗೆ ಮಾಡಿ.

ಕರ್ನಾಟಕದ ಶಾಲಾ ರಜೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಬೇಸಿಗೆ ರಜೆ ಸರಿಯಾಗಿ ಅಲ್ಲಿನ ಜೋರು ಮಳೆಗೆ ಸಿಕ್ಕಿಹಾಕಿಕೊಳ್ಳುತ್ತದೆ. ‘ಏಪ್ರಿಲ್‌ನಲ್ಲಿ ಅರ್ಧ ಬೆಲೆ’ ಎಂಬ ಪ್ಯಾಕೇಜಿನ ಗುಟ್ಟು ಇದೇ. ದಸರಾ ರಜೆ ಚೆನ್ನಾಗಿ ಹೊಂದುತ್ತದೆ. ಅಕ್ಟೋಬರ್ ಮೊದಲ ಭಾಗದಲ್ಲಿ ಹಿಂಡು ಇನ್ನೂ ಮಾರಾ ನದಿಯ ಆಸುಪಾಸಿನಲ್ಲಿರುತ್ತದೆ, ಆಗಸ್ಟ್‌ನ ಜನಜಂಗುಳಿ ಇಳಿದಿರುತ್ತದೆ. ಕ್ರಿಸ್‌ಮಸ್ ರಜೆಗೆ ಎಂಡುಟು ಆರಿಸಬಹುದು, ಆದರೆ ಸಣ್ಣ ಮಳೆ ತಡವಾದ ವರ್ಷ ಬಯಲು ಖಾಲಿ ಇರುವ ಸಾಧ್ಯತೆಯನ್ನು ಒಪ್ಪಿಕೊಂಡೇ ಹೊರಡಬೇಕು.

ಒಂದೇ ದೇಶ ಸಾಕು

ನಕಾಶೆಯಲ್ಲಿ ಸೆರೆಂಗೆಟಿ ಮತ್ತು ಮಾರಾ ಅಂಟಿಕೊಂಡೇ ಇವೆ. ಪ್ರಾಣಿಗಳಿಗೆ ಗಡಿ ಇಲ್ಲ, ಪ್ರವಾಸಿಗರಿಗೆ ಇದೆ. ಎರಡು ಉದ್ಯಾನಗಳ ನಡುವೆ ನೇರವಾಗಿ ದಾಟಲು ಬಿಡುವುದಿಲ್ಲ. ಪಶ್ಚಿಮಕ್ಕೆ ಸುತ್ತಿ ಇಸೆಬಾನಿಯಾ–ಸಿರಾರಿ ಗಡಿಯಲ್ಲಿ ಮೊಹರು ಹಾಕಿಸಿಕೊಂಡು, ವಾಹನ ಬದಲಿಸಿ ಹೋಗಬೇಕು. ಒಂದು ಹಗಲು ಪೂರ್ತಿ ಅದಕ್ಕೇ ಹೋಗುತ್ತದೆ. ಏಳೆಂಟು ದಿನದ ಪ್ರವಾಸದಲ್ಲಿ ಎರಡೂ ದೇಶ ತುರುಕಿದ ಪಟ್ಟಿ ಕೈಗೆ ಬಂದರೆ ಬೇಡವೆನ್ನಿ.

ನೈರೋಬಿಯಿಂದ ನಾರೊಕ್ ಮೂಲಕ ಮಾರಾಕ್ಕೆ ರಸ್ತೆಯಲ್ಲಿ ಐದಾರು ಗಂಟೆ. ದಿನ ಕಡಿಮೆ ಇರುವವರಿಗೆ, ವಯಸ್ಸಾದವರನ್ನು ಕರೆದೊಯ್ಯುವವರಿಗೆ ಇದು ಸುಲಭ. ತಾಂಜಾನಿಯಾದಲ್ಲಿ ಅರೂಶಾ ನಗರದಿಂದ ಸೆರೊನೆರಾಕ್ಕೆ ಏಳೆಂಟು ಗಂಟೆ, ಅಲ್ಲಿಂದ ಕೊಗಟೆಂಡೆಗೆ ಇನ್ನೂ ನಾಲ್ಕೈದು ಗಂಟೆ, ಬಹುಪಾಲು ಕಲ್ಲುರಸ್ತೆ. ಹೋಗುವಾಗ ರಸ್ತೆ, ಬರುವಾಗ ಕೊಗಟೆಂಡೆಯ ಏರ್‌ಸ್ಟ್ರಿಪ್‌ನಿಂದ ಸಣ್ಣ ವಿಮಾನ ಎಂದು ಜೋಡಿಸಿದರೆ ಸೊಂಟವೂ ಉಳಿಯುತ್ತದೆ, ಒಂದು ದಿನವೂ ಉಳಿಯುತ್ತದೆ. ಕೊಗಟೆಂಡೆಯಲ್ಲಿ ವಾಹನಗಳು ಮಾರಾಕ್ಕಿಂತ ಕಡಿಮೆ.

ನದಿ ದಾಟುವುದನ್ನು ನೋಡಬೇಕೆಂದರೆ ನದಿಯ ಬಳಿಯೇ ಕನಿಷ್ಠ ಮೂರು ರಾತ್ರಿ, ಸಾಧ್ಯವಾದರೆ ನಾಲ್ಕು. ದಿನಕ್ಕೊಂದು ಊರು ಬದಲಿಸುವ ಪಟ್ಟಿಯಲ್ಲಿ ಹಿಂಡಿನ ಬದಲು ರಸ್ತೆಯ ಧೂಳು ಸಿಗುತ್ತದೆ.

ಪ್ರವೇಶ ಶುಲ್ಕದ ಗಡಿಯಾರ

ಖರ್ಚಿನ ದೊಡ್ಡ ಪಾಲು ಇಲ್ಲಿದೆ. ಹೆಚ್ಚು ಜನ ಎಡವುವುದೂ ಇಲ್ಲೇ. ಮಸಾಯಿ ಮಾರಾದಲ್ಲಿ 2024ರಿಂದ ವಿದೇಶಿ ವಯಸ್ಕರಿಗೆ ಜನವರಿಯಿಂದ ಜೂನ್‌ವರೆಗೆ ದಿನಕ್ಕೆ 100 ಡಾಲರ್, ಜುಲೈಯಿಂದ ಡಿಸೆಂಬರ್‌ವರೆಗೆ 200 ಡಾಲರ್. ಆಗಸ್ಟ್‌ನಲ್ಲಿ ಇಬ್ಬರು ಮೂರು ದಿನ ಇದ್ದರೆ ಶುಲ್ಕವೇ 1,200 ಡಾಲರ್. ಟಿಕೆಟ್ ನಡೆಯುವುದು 12 ಗಂಟೆ, ಬೆಳಿಗ್ಗೆ 6ರಿಂದ ಸಂಜೆ 6. ನಿಮ್ಮ ಕ್ಯಾಂಪ್ ಗೇಟಿನ ಹೊರಗಿದ್ದು, ನೈರೋಬಿಯಿಂದ ಮಧ್ಯಾಹ್ನ 3ಕ್ಕೆ ಬಂದು ‘ಒಂದು ರೌಂಡ್ ಹೊಡೆದು ಬರೋಣ’ ಎಂದು ಒಳಹೊಕ್ಕರೆ ಮೂರು ಗಂಟೆಗೆ ಇಡೀ ದಿನದ ದುಡ್ಡು ಹೋಯಿತು. ಆ ಸಂಜೆ ಸುಮ್ಮನೆ ಮಲಗಿ, ಬೆಳಿಗ್ಗೆ 6ಕ್ಕೆ ಗೇಟಿನ ಮುಂದಿರಿ.

ಸೆರೆಂಗೆಟಿಯ ಲೆಕ್ಕ ಬೇರೆ. ಸೀಸನ್ ದರ 70 ಡಾಲರ್, ಮೇಲೆ ಶೇ 18 ತೆರಿಗೆ, ಒಟ್ಟು 82.60, ಅವಧಿ 24 ಗಂಟೆ. ಮಂಗಳವಾರ ಮಧ್ಯಾಹ್ನ 1ಕ್ಕೆ ಒಳಹೋದವರು ಗುರುವಾರ 1ರೊಳಗೆ ಹೊರಬಂದರೆ ಎರಡು ದಿನದ ಶುಲ್ಕ, ತಡವಾದರೆ ಮೂರನೆಯದು. ಅರೂಶಾದಿಂದ ಸೆರೆಂಗೆಟಿಗೆ ಹೋಗುವ ರಸ್ತೆ ಎಂಗೊರೊಂಗೊರೊ ಸಂರಕ್ಷಣಾ ಪ್ರದೇಶವನ್ನು ಹಾದು ಹೋಗುವುದರಿಂದ ಅಲ್ಲಿಯೂ ತಲೆಗೆ 70.80 ಡಾಲರ್ ಕಟ್ಟಬೇಕು. ಅದೇ ದಾರಿಯಲ್ಲಿ ಮರಳಿದರೆ ಮತ್ತೆ. ಅಲ್ಲಿನ ಹಳೆಯ ಜ್ವಾಲಾಮುಖಿಯ ಕುಳಿಯೊಳಗೆ ಇಳಿಯಲು ವಾಹನಕ್ಕೆ ಪ್ರತ್ಯೇಕ 295 ಡಾಲರ್. ಎಂಡುಟುವಿನಲ್ಲಿ ಇನ್ನೊಂದು ಸೂಕ್ಷ್ಮವಿದೆ: ಬಯಲಿನ ಒಂದು ಭಾಗ ಎಂಗೊರೊಂಗೊರೊಗೆ, ಇನ್ನೊಂದು ಭಾಗ ಸೆರೆಂಗೆಟಿಗೆ ಸೇರಿದೆ. ಹಿಂಡು ಆ ಕಡೆ ಹೋಗಿದ್ದರೆ ಎರಡನೇ ಶುಲ್ಕ. ಇದನ್ನು ಯಾರು ಕಟ್ಟುತ್ತಾರೆಂದು ಮೊದಲೇ ಕೇಳಿಕೊಳ್ಳಿ. ರಸ್ತೆ ಬಿಟ್ಟು ಪ್ರಾಣಿಯ ಬಳಿ ಹೋಗಲು ಎಂಗೊರೊಂಗೊರೊ ಕಡೆಯ ಎಂಡುಟುವಿನಲ್ಲಿ ಬಿಡುತ್ತಾರೆ, ಸೆರೆಂಗೆಟಿಯೊಳಗೆ ಬಿಡುವುದಿಲ್ಲ.

ಈ ದರಗಳು ಬದಲಾಗುತ್ತಿರುತ್ತವೆ. ಏಜೆಂಟ್ ಕೊಡುವ ಪಟ್ಟಿಯಲ್ಲಿ ‘ಎಲ್ಲ ಶುಲ್ಕ ಸೇರಿ’ ಎಂದು ಬರೆದಿದ್ದರೆ ಸಾಲದು. ಎಷ್ಟು ಟಿಕೆಟ್, ಯಾವ ಗೇಟು, ಎಷ್ಟು ಗಂಟೆಗೆ ಪ್ರವೇಶ ಎಂದು ಬರೆಸಿಕೊಳ್ಳಿ. ಭಾರತದ ಏಜೆಂಟ್ ಮೂಲಕ ಪ್ಯಾಕೇಜ್ ಕೊಂಡರೆ ಟಿಸಿಎಸ್ (ಏಜೆಂಟ್ ಮೊದಲೇ ವಸೂಲು ಮಾಡುವ ತೆರಿಗೆ) ಸೇರಿದೆಯೇ ಇಲ್ಲವೇ ಎಂದೂ ಕೇಳಿ.

ವಾಹನ ಮತ್ತು ಗೈಡ್

ಕಬಿನಿಯಲ್ಲೋ ಬಂಡೀಪುರದಲ್ಲೋ ಸಫಾರಿ ಮಾಡಿದವರು ಬೆಳಿಗ್ಗೆ ಮೂರು ಗಂಟೆ, ಸಂಜೆ ಮೂರು ಗಂಟೆ ಎಂಬ ಲೆಕ್ಕಕ್ಕೆ ಒಗ್ಗಿರುತ್ತಾರೆ. ಇಲ್ಲಿ ಬುತ್ತಿ ಕಟ್ಟಿಸಿಕೊಂಡು ಬೆಳಗಿನಿಂದ ಸಂಜೆವರೆಗೆ ವಾಹನದಲ್ಲೇ. ಆದ್ದರಿಂದ ಹೋಟೆಲ್‌ಗಿಂತ ವಾಹನಕ್ಕೆ ಹೆಚ್ಚು ಖರ್ಚು ಮಾಡಿ. ಮೇಲ್ಛಾವಣಿ ಎತ್ತುವ ಲ್ಯಾಂಡ್ ಕ್ರೂಸರ್, ಒಳಗೆ ನಾಲ್ಕು ಜನ. ಆರಕ್ಕಿಂತ ಹೆಚ್ಚು ಬೇಡ. ಕೀನ್ಯಾದಲ್ಲಿ ಅಗ್ಗದ ಪ್ಯಾಕೇಜಿಗೆ ಮಿನಿವ್ಯಾನ್ ಕೊಡುತ್ತಾರೆ. ಒಣ ನೆಲದಲ್ಲಿ ಪರವಾಗಿಲ್ಲ, ಒಂದು ಮಳೆ ಬಿದ್ದರೆ ಗೇಟಿನ ಬಳಿಯೇ ಸಿಕ್ಕಿಹಾಕಿಕೊಳ್ಳುತ್ತದೆ. ಪರಿಚಯವಿಲ್ಲದವರ ಜೊತೆ ಸೇರುವ ವಾಹನವಾದರೆ ತೊಂದರೆ ಬೇರೆ ಬಗೆಯದು: ನೀವು ನದಿಯ ಬಳಿ ಕಾಯಬೇಕೆನ್ನುವಾಗ ಅವರಿಗೆ ಊಟಕ್ಕೆ ಮರಳಬೇಕಿರುತ್ತದೆ.

ಬುಕ್ ಮಾಡುವಾಗ ಕೇಳಬೇಕಾದ್ದು: ಕಿಟಕಿ ಪಕ್ಕದ ಸೀಟು ಖಾತ್ರಿಯೇ, ಕಿಲೋಮೀಟರ್ ಮಿತಿ ಇದೆಯೇ, ರೇಡಿಯೊ ಇದೆಯೇ, ಕ್ಯಾಂಪ್‌ನಿಂದ ನದಿಗೆ ಎಷ್ಟು ನಿಮಿಷ. ಜುಲೈ–ಸೆಪ್ಟೆಂಬರ್‌ಗೆ ಹತ್ತು ಹನ್ನೆರಡು ತಿಂಗಳು ಮೊದಲು ಕಾಯ್ದಿರಿಸಿದರೆ ಆಯ್ಕೆ ಇರುತ್ತದೆ. ಹಿಂಡಿನ ಜೊತೆ ಜಾಗ ಬದಲಿಸುವ ಡೇರೆ ಕ್ಯಾಂಪ್‌ಗಳು ನದಿಗೆ ಹತ್ತಿರವಿರುತ್ತವೆ. ನೀವು ಹೋಗುವ ತಿಂಗಳು ನಿಮ್ಮ ಕ್ಯಾಂಪ್ ಎಲ್ಲಿ ಬೀಡುಬಿಟ್ಟಿರುತ್ತದೆ ಎಂದು ಖಚಿತಪಡಿಸಿಕೊಳ್ಳಿ.

ರೇಡಿಯೊದಲ್ಲಿ ಗೈಡ್‌ಗಳು ಮಾತಾಡುವುದು ಸ್ವಾಹಿಲಿ. ನಾಲ್ಕು ಪದ ಗೊತ್ತಿದ್ದರೆ ಕಿವಿ ನಿಮಿರುತ್ತದೆ: ನ್ಯುಂಬು ಎಂದರೆ ವೈಲ್ಡ್‌ಬೀಸ್ಟ್, ಸಿಂಬಾ ಸಿಂಹ, ಚುಯಿ ಚಿರತೆ, ಡುಮಾ ಚೀತಾ.

ಕಾಗದ, ಲಸಿಕೆ, ಚೀಲ

ಕೀನ್ಯಾಕ್ಕೆ ವೀಸಾ ಇಲ್ಲ, 2024ರಿಂದ ಆನ್‌ಲೈನ್‌ನಲ್ಲಿ ಇಟಿಎ ಎಂಬ ಪ್ರಯಾಣ ಅನುಮತಿ ಪಡೆಯಬೇಕು. ತಾಂಜಾನಿಯಾಕ್ಕೆ ಇ–ವೀಸಾ, ಭಾರತೀಯರಿಗೆ 50 ಡಾಲರ್. ಪಾಸ್‌ಪೋರ್ಟ್‌ಗೆ ಆರು ತಿಂಗಳ ಅವಧಿ ಉಳಿದಿರಲಿ.

ಹಳದಿ ಜ್ವರದ ಲಸಿಕೆಯನ್ನು ಕೊನೆಗೆ ಬಿಡಬೇಡಿ. ಕೀನ್ಯಾದಿಂದ ಮರಳುವಾಗ ಭಾರತದ ವಿಮಾನ ನಿಲ್ದಾಣದಲ್ಲೇ ಲಸಿಕೆಯ ಪ್ರಮಾಣಪತ್ರವಾದ ಹಳದಿ ಪುಸ್ತಕ ಕೇಳುತ್ತಾರೆ. ಇಲ್ಲದಿದ್ದರೆ ಆರು ದಿನಗಳವರೆಗೆ ಪ್ರತ್ಯೇಕವಾಸಕ್ಕೆ ಹಾಕಬಹುದು. ಕೀನ್ಯಾದಿಂದ ತಾಂಜಾನಿಯಾಕ್ಕೆ ಹೋಗುವಾಗಲೂ ಕೇಳುತ್ತಾರೆ. ಸರ್ಕಾರ ಗುರುತಿಸಿದ ಕೇಂದ್ರದಲ್ಲೇ ಹಾಕಿಸಬೇಕು, ಹತ್ತು ದಿನದ ನಂತರವೇ ಅದು ಊರ್ಜಿತ, ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಮೊಟ್ಟೆ ಅಲರ್ಜಿ ಇರುವವರು ಮತ್ತು 60 ದಾಟಿದವರು ಮೊದಲು ವೈದ್ಯರನ್ನು ಕಾಣಬೇಕು. ಮಲೇರಿಯಾ ತಡೆಯುವ ಮಾತ್ರೆಯನ್ನೂ ಆಗಲೇ ಕೇಳಿ. ಕೆಲವು ಮಾತ್ರೆಗಳನ್ನು ಮರಳಿದ ಮೇಲೆ ನಾಲ್ಕು ವಾರ ನುಂಗಬೇಕಾಗುತ್ತದೆ, ಅಲ್ಲಿ ಎಲ್ಲರೂ ಸೋಮಾರಿತನ ಮಾಡುತ್ತಾರೆ.

ಸಣ್ಣ ವಿಮಾನಗಳಲ್ಲಿ ಸಾಮಾನ್ಯವಾಗಿ ಕ್ಯಾಮೆರಾ ಸೇರಿ 15 ಕೆಜಿ, ಅದೂ ಮೆತ್ತನೆಯ ಬ್ಯಾಗ್‌ನಲ್ಲಿ. ಗಟ್ಟಿ ಸೂಟ್‌ಕೇಸ್ ವಿಮಾನದ ಹೊಟ್ಟೆಯೊಳಗೆ ಹಿಡಿಯುವುದಿಲ್ಲ. ಕೀನ್ಯಾ 2017ರಲ್ಲಿ, ತಾಂಜಾನಿಯಾ 2019ರಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧಿಸಿವೆ. ಚಟ್ನಿಪುಡಿ, ಕೋಡುಬಳೆ ಒಯ್ಯುವವರು ಅಂಗಡಿಯ ಪ್ಲಾಸ್ಟಿಕ್ ಕವರ್ ಬಿಟ್ಟು ಡಬ್ಬಿಗೆ ತುಂಬಿಕೊಳ್ಳಿ. ಸಸ್ಯಾಹಾರ ಕಷ್ಟವಲ್ಲ, ಆದರೆ ಮಧ್ಯಾಹ್ನದ ಬುತ್ತಿಯಲ್ಲಿ ಬೇಯಿಸಿದ ಮೊಟ್ಟೆಯೋ ಕೋಳಿಯ ತುಂಡೋ ತಾನಾಗಿ ಬಂದು ಕೂರುತ್ತದೆ. ಮೊಟ್ಟೆ, ಈರುಳ್ಳಿ, ಬೆಳ್ಳುಳ್ಳಿ ಬೇಡದಿದ್ದರೆ ಒಂದೊಂದನ್ನೂ ಹೆಸರಿಸಿ ಮೊದಲೇ ಬರೆದು ಕಳಿಸಿ.

ಆಫ್ರಿಕಾ ಎಂದರೆ ಸೆಕೆ ಎಂದು ಬರುವವರು ಮೊದಲ ಬೆಳಿಗ್ಗೆಯೇ ನಡುಗುತ್ತಾರೆ. ಮಾರಾ ಸಮುದ್ರಮಟ್ಟದಿಂದ 1,500 ಮೀಟರ್‌ಗೂ ಮೇಲಿದೆ, ಎಂಗೊರೊಂಗೊರೊ ಕುಳಿಯ ಅಂಚು ಸುಮಾರು 2,300. ಸ್ವೆಟರ್, ಟೊಪ್ಪಿ ಇರಲಿ. ಕಡುನೀಲಿ, ಕಪ್ಪು ಬಟ್ಟೆಗೆ ತ್ಸೆತ್ಸೆ ನೊಣ ಮುತ್ತುತ್ತದೆ. ಸೈನಿಕರ ಮಾದರಿಯ ಚುಕ್ಕೆ ಬಟ್ಟೆ ತೊಡುವುದಕ್ಕೆ ನಿಷೇಧವಿದೆ. ಡ್ರೋನ್ ಮನೆಯಲ್ಲೇ ಬಿಡಿ. 100–400 ಮಿ.ಮೀ. ಲೆನ್ಸ್ ಇದ್ದರೆ ಹೆಚ್ಚಿನ ಚಿತ್ರಗಳಿಗೆ ಸಾಕು. ಧೂಳಿನಲ್ಲಿ ಲೆನ್ಸ್ ಬದಲಿಸಬೇಡಿ. ಟ್ರೈಪಾಡ್ ವಾಹನದಲ್ಲಿ ನಿಲ್ಲದು. ಖಾಲಿ ಬಟ್ಟೆ ಚೀಲ ಒಯ್ದು ಅಲ್ಲಿ ಅಕ್ಕಿ ತುಂಬಿ ಛಾವಣಿಯಂಚಿಗಿಟ್ಟು ಲೆನ್ಸ್ ಒರಗಿಸಿ. ನಮ್ಮ ಪ್ಲಗ್ ಅಲ್ಲಿ ಹೆಚ್ಚಿನ ಕಡೆ ಹೊಂದದು, ಬ್ರಿಟಿಷ್ ಮಾದರಿಯ ಅಡಾಪ್ಟರ್ ಬೇಕು.

ನದಿಯ ದಂಡೆಯಲ್ಲಿ

ಹಿಂಡು ದಂಡೆಗೆ ಬಂದು ನಿಲ್ಲುತ್ತದೆ. ಒಂದು ಗಂಟೆ, ನಾಲ್ಕು ಗಂಟೆ. ಮುಂದಿನದು ನೀರು ಮೂಸುತ್ತದೆ, ಜೀಬ್ರಾ ಕೂಗುತ್ತದೆ, ಏನೋ ಅನುಮಾನ ಬಂದು ಎಲ್ಲ ಹಿಂದಕ್ಕೆ ಓಡುತ್ತವೆ. ಒಂದು ಧುಮುಕಿದರೆ ಉಳಿದವು ನಿಲ್ಲುವುದಿಲ್ಲ. ಮೊಸಳೆಗಿಂತ ನೂಕುನುಗ್ಗಲು ಮತ್ತು ಸೆಳವಿನಿಂದ ಸಾಯುವುದೇ ಹೆಚ್ಚು. ಮಾರಾ ನದಿಯಲ್ಲಿ ವರ್ಷಕ್ಕೆ ಸರಾಸರಿ ಆರು ಸಾವಿರಕ್ಕೂ ಹೆಚ್ಚು ವೈಲ್ಡ್‌ಬೀಸ್ಟ್ ಮುಳುಗುತ್ತವೆ. ಮಕ್ಕಳನ್ನು ಕರೆದೊಯ್ಯುವವರು ಇದನ್ನು ಮೊದಲೇ ಹೇಳಿಡುವುದು ಒಳ್ಳೆಯದು.

ಕೊಗಟೆಂಡೆಯಲ್ಲಿ ದಾಟುವ ಜಾಗಗಳಿಗೆ ನಂಬರ್ ಇದೆ. ಹಿಂಡು ಒಂದು ನಂಬರ್ ಬಳಿ ಸೇರಿದರೆ ವಾಹನ ದಂಡೆಯಿಂದ ದೂರ, ಪೊದೆಯ ಹಿಂದೆ ನಿಲ್ಲಬೇಕು. ಮೊದಲ ಸಾಲು ನೀರಿಗಿಳಿದ ಮೇಲೆಯೇ ಮುಂದೆ ಹೋಗಬೇಕು. ಮುಂಚೆಯೇ ಹೋಗಿ ದಾರಿ ಕಟ್ಟಿದರೆ ಹಿಂಡು ತಿರುಗಿ ಹೋಗುತ್ತದೆ, ಕೆಲವೊಮ್ಮೆ ಕಡಿದಾದ ಬೇರೆ ದಂಡೆಯಿಂದ ಧುಮುಕಿ ಕಾಲು ಮುರಿದುಕೊಳ್ಳುತ್ತದೆ. ಬೇರೆ ವಾಹನಗಳು ನುಗ್ಗುವಾಗ ‘ನಾವೂ ಹೋಗೋಣ’ ಎಂದು ಗೈಡ್‌ನನ್ನು ಒತ್ತಾಯಿಸಬೇಡಿ. ದಂಡ ಬೀಳುವುದು ಅವನಿಗೆ, ಪರವಾನಗಿ ಹೋಗುವುದೂ ಅವನದೇ. ಕೆಳಗಿಳಿಯುವಂತಿಲ್ಲ, ಆದ್ದರಿಂದ ಕಾಯಲು ಕೂರುವ ಮೊದಲೇ ಶೌಚಕ್ಕೆ ಹೋಗಿಬನ್ನಿ. ಎಂಜಿನ್ ಆರಿಸಿ, ಮಾತು ಕಡಿಮೆ ಮಾಡಿ, ಬುತ್ತಿ ಬಿಚ್ಚಿ. ಹತ್ತು ನಿಮಿಷಕ್ಕೆ ಸಾಕೆನಿಸಿದವರು ಹೊರಟುಹೋದ ಮೇಲೆ, ವಾಹನಗಳು ಕಡಿಮೆಯಾದಾಗಲೇ ಎಷ್ಟೋ ಸಲ ಹಿಂಡು ಧೈರ್ಯ ಮಾಡುತ್ತದೆ.