ಬೋಲ್ಟಿಗೂ ಹೊಗೆ ಲೆಕ್ಕ

ಹಾಸನದ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ಬೋಲ್ಟ್ ಶೆಡ್ಡು. ಮಾಲು ಬೆಂಗಳೂರಿನ ಎಕ್ಸ್‌ಪೋರ್ಟರ್ ಮೂಲಕ ಜರ್ಮನಿಗೆ ಹೋಗುತ್ತದೆ. 2024ರ ಶುರುವಿನಲ್ಲಿ ಅವರಿಂದ ಒಂದು ಎಕ್ಸೆಲ್ ಫೈಲು ಬಂತು. ಒಂದು ಟನ್ ಬೋಲ್ಟಿಗೆ ಎಷ್ಟು ಇಂಗಾಲ ಅಂತ ತುಂಬಿ ಕಳಿಸಬೇಕಂತೆ. ರೇಟು ಕಮ್ಮಿ ಮಾಡಿ ಅಂದಿದ್ದರೆ ಉತ್ತರ ಗೊತ್ತಿತ್ತು. ಇದಕ್ಕೇನು ಹೇಳೋದು?

ಯುರೋಪಿನ ದೊಡ್ಡ ಕಾರ್ಖಾನೆಗಳು 2005ರಿಂದಲೂ ಬಿಟ್ಟ ಇಂಗಾಲಕ್ಕೆ ತಕ್ಕಷ್ಟು ಪರ್ಮಿಟ್ ಒಪ್ಪಿಸಬೇಕು. ಹೊರಗಿನ ಮಾಲು ಆ ಖರ್ಚಿಲ್ಲದೆ ಒಳಗೆ ಬರಬಾರದು ಅಂತ ಸಿಬ್ಯಾಮ್ (CBAM) ಅನ್ನೋ ಗಡಿ ಇಂಗಾಲ ಶುಲ್ಕ ತಂದರು. 2023ರ ಅಕ್ಟೋಬರಿನಿಂದ ಬರೀ ಲೆಕ್ಕ, 2026ರಿಂದ ದುಡ್ಡು.

ಕರೆಂಟ್ ಬಿಲ್ಲು ಸುಲಭವಾಗಿ ಸಿಕ್ಕಿತು. ತಲೆನೋವು ಡೀಸೆಲ್‌ದು. ಬೋಲ್ಟ್ ಕಾಯಿಸುವ ಫರ್ನೇಸಿಗೂ ನಮ್ಮ ಗಾಡಿಗೂ ಬಂಕಿನಲ್ಲಿ ಒಂದೇ ಖಾತೆ. ಗಾಡಿಯದು ಈ ಲೆಕ್ಕಕ್ಕೆ ಬರುವುದಿಲ್ಲ. ಎಣ್ಣೆ ಮೆತ್ತಿದ ಚೀಟಿಗಳನ್ನು ಹರಡಿಕೊಂಡು ಎರಡು ಭಾನುವಾರ ಕೂತೆ. ಕಾಪಾಡಿದ್ದು ಫರ್ನೇಸ್ ಪಕ್ಕದ ಗೋಡೆ. ನಮ್ಮ ಆಪರೇಟರ್ ಪ್ರತಿ ಶಿಫ್ಟಿಗೂ ಟ್ಯಾಂಕಿನ ಮಟ್ಟವನ್ನು ಸೀಮೆಸುಣ್ಣದಲ್ಲಿ ಗೀಚಿಟ್ಟಿದ್ದ. ಲೀಟರ್ ಡೀಸೆಲ್ಲಿಗೆ ಸುಮಾರು 2.7 ಕೆಜಿ ಇಂಗಾಲದ ಡೈಆಕ್ಸೈಡ್ ಅಂತ ಗುಣಿಸಿಕೊಂಡೆ.

ಇಷ್ಟು ಹೆಣಗಿದ ಮೇಲೆ ನೋಡಿದರೆ ನಮ್ಮ ಶೆಡ್ಡಿನ ಪಾಲು ಚಿಲ್ಲರೆ. ಅಸಲು ಭಾರ ಇದ್ದದ್ದು ನಾವು ಕೊಳ್ಳುವ ವೈರ್ ರಾಡಿನಲ್ಲಿ, ಅಂದರೆ ಸುರುಳಿ (ಕಾಯಿಲ್) ಸುತ್ತಿ ಬರುವ ಉಕ್ಕಿನ ಕಂಬಿಯಲ್ಲಿ. ಅದಿರಿನಿಂದ ಒಂದು ಟನ್ ಉಕ್ಕು ಮಾಡಲು ಎರಡು ಟನ್‌ಗೂ ಜಾಸ್ತಿ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಡೀಲರ್‌ಗೆ ಫೋನ್ ಮಾಡಿದೆ. "ಕಂಬಿ ತೂಕ ಕೇಳಿ ಕೊಡ್ತೀನಿ. ಹೊಗೆ ತೂಕ ಎಲ್ಲಿಂದ ತರಲಿ ಸ್ವಾಮಿ?" ಅಂದರು. ತಪ್ಪೇನಿಲ್ಲ ಬಿಡಿ. ಆಗ ಯುರೋಪಿನವರೇ ಕೊಟ್ಟಿದ್ದ ಅಂದಾಜು ಅಂಕಿ ಹಾಕಿ ಕಳಿಸಿದೆ. 2024ರ ಜುಲೈ 31ಕ್ಕೆ ಆ ಸಲಿಗೆಯೂ ಮುಗಿಯಿತು. ಮಿಲ್ಲಿನ ಅಸಲಿ ಅಂಕಿ ಬೇಕೇ ಬೇಕು ಅಂದರು. ಕಾಯಿಲ್‌ನ ತಗಡಿನ ಟ್ಯಾಗಿನಲ್ಲಿ ಹೀಟ್ ನಂಬರ್ (ಒಂದು ಸಲ ಕರಗಿಸಿದ ಉಕ್ಕಿನ ಗುರುತು ಸಂಖ್ಯೆ) ಇರುತ್ತದೆ, ಅದರಿಂದ ಯಾವ ಮಿಲ್ಲಿನ ಮಾಲು ಅಂತ ಹಿಡಿಯಬಹುದು. ನಾವೋ, ಆ ಟ್ಯಾಗುಗಳನ್ನು ಕಿತ್ತು ಗುಜರಿ ಡ್ರಮ್ಮಿಗೆ ಎಸೆಯುತ್ತಿದ್ದೆವು! ಡ್ರಮ್ಮು ಬೋರಲು ಹಾಕಿ ಹುಡುಕಿದೆವು. ಮಿಲ್ಲಿನಿಂದ ಕಾಗದ ಬರಲು ಎರಡು ತಿಂಗಳಾಯಿತು.

ಉಕ್ಕಿನ ಮಾಲಿಗೆ ಕರೆಂಟಿನ ಇಂಗಾಲ ಶುಲ್ಕದಲ್ಲಿ ಸೇರುವುದೇ ಇಲ್ಲ ಅಂತ ಆಮೇಲೆ ತಿಳಿಯಿತು. ಇರಲಿ. ವರ್ಷಕ್ಕೆ ಇಂಥ ಮಾಲು 50 ಟನ್ ಒಳಗೆ ತರಿಸುವ ಆಮದುದಾರರಿಗೆ ವಿನಾಯಿತಿ ಉಂಟು. ಆದರೆ ನಮ್ಮ ಜರ್ಮನಿಯವರು ಹತ್ತು ಕಡೆಯಿಂದ ತರಿಸುವವರು. ದುಡ್ಡು ಕಟ್ಟುವವರು ಅವರೇ, ಹಾಗಂತ ನಮ್ಮ ರೇಟಿನಲ್ಲಿ ಹಿಡಿಯದೆ ಬಿಡ್ತಾರಾ? 2034ರವರೆಗೆ ವರ್ಷವರ್ಷವೂ ಆ ಭಾರ ಏರುತ್ತದೆ. ಆ ಚೌಕಾಸಿ ಇನ್ನೂ ನಡೆದಿದೆ.

ಈಗ ಹೊಸ ಕಾಯಿಲ್ ಇಳಿದರೆ ಹುಡುಗರು ಮೊದಲು ಟ್ಯಾಗ್ ಬಿಚ್ಚಿ ನನ್ನ ಮೇಜಿನ ಹಿಂದಿನ ಮೊಳೆಗೆ ಸಿಕ್ಕಿಸುತ್ತಾರೆ.