ಲಾಲ್‌ಬಾಗ್‌ನಲ್ಲಿ ಮೂಸಿಸಿ, ನಂದಿ ತಪ್ಪಲಲ್ಲಿ ಕುಡಿಸಿದ್ದು: ನನ್ನ ಅನುಭವ

"ಹೂ ನೋಡುವವರು ವೈನ್ ಕುಡಿಯಲ್ಲ, ವೈನ್ ಕುಡಿಯುವವರು ಹೂ ನೋಡಲ್ಲ. ಇಬ್ಬರನ್ನೂ ಒಂದೇ ಗಾಡಿಗೆ ಹತ್ತಿಸ್ತೀನಿ ಅಂತೀಯಲ್ಲ, ತಲೆ ಕೆಟ್ಟಿದೆಯೇನಮ್ಮ ನಿನಗೆ?"

2019ರ ಶುರುವಿನಲ್ಲಿ ನಮ್ಮ ಭಾವ ಹೇಳಿದ ಮಾತಿದು. ಅವರದ್ದು ಮೂರು ಟಿಟಿ, ಅಂದರೆ ಟೆಂಪೋ ಟ್ರಾವೆಲರ್, ಓಡುತ್ತವೆ. ನಾನು ಅಲ್ಲಿಯವರೆಗೆ ಹತ್ತು ವರ್ಷ ಬೇಲೂರು, ಹಳೇಬೀಡು, ಧರ್ಮಸ್ಥಳ, ಶೃಂಗೇರಿ ಅಂತ ಹೆಂಗಸರ ಗುಂಪು ಕಟ್ಟಿಕೊಂಡು ಹೋಗಿ ಬಂದವಳು. ಬೆಳಿಗ್ಗೆ ಲಾಲ್‌ಬಾಗ್, ಮಧ್ಯಾಹ್ನ ದೊಡ್ಡಬಳ್ಳಾಪುರದ ಕಡೆ ದ್ರಾಕ್ಷಿ ತೋಟ ಮತ್ತು ವೈನರಿ, ಸಂಜೆ ಮನೆ. ಒಂದೇ ದಿನದ ಟೂರ್. ಇದು ನಡೆಯಲ್ಲ ಅಂತ ಭಾವ ಮಾತ್ರ ಅಲ್ಲ, ಈ ಕಸುಬಿನಲ್ಲಿ ನನಗೆ ಗೊತ್ತಿದ್ದವರೆಲ್ಲ ಹೇಳಿದರು. ಈಗ ನಡೆಯುತ್ತಿದೆ. ಆ ಖುಷಿಗೇ ಇದನ್ನು ಬರೆಯುತ್ತಿದ್ದೇನೆ. ಟಿಟಿ ಬುಕ್ ಮಾಡುವುದು, ಅಡ್ವಾನ್ಸ್ ವಸೂಲಿ, ತಲೆ ಎಣಿಕೆ, ಇವೆಲ್ಲ ಟೂರ್ ಮಾಡಿಸುವ ನಿಮಗೆ ಗೊತ್ತಿರುವುದೇ. ಅದನ್ನು ಬಿಡುತ್ತೇನೆ.

ಮೊದಲು ಸೋತಿದ್ದನ್ನು ಹೇಳಿಬಿಡಬೇಕು.

ಮೊದಲ ಟೂರ್ ಇಟ್ಟಿದ್ದು 2019ರ ಏಪ್ರಿಲ್ 17ಕ್ಕೆ. ಮಹಾವೀರ ಜಯಂತಿ, ರಜೆ, ಜನ ಬರುತ್ತಾರೆ ಅಂತ ಲೆಕ್ಕ. ಹನ್ನೆರಡು ಜನ ಬಂದರು ಕೂಡ. ತಲೆಗೆ 1,400 ರೂಪಾಯಿ. ಮರುದಿನ, 18ಕ್ಕೆ, ಲೋಕಸಭೆ ಚುನಾವಣೆಯ ಮತದಾನ. ಡ್ರೈ ಡೇ ಇರುತ್ತೆ ಅಂತ ನನಗೆ ಗೊತ್ತಿರಲಿಲ್ಲ ಅಂತಲ್ಲ. ಅದು ಬಾರಿಗೆ, ವೈನ್ ಶಾಪಿಗೆ ತಾನೇ, ತಯಾರು ಮಾಡುವ ಜಾಗಕ್ಕೆ ಯಾಕೆ ಅಂದುಕೊಂಡುಬಿಟ್ಟೆ. ಗೇಟಿನ ಹತ್ತಿರ ಹೋದರೆ ಟೇಸ್ಟಿಂಗ್, ಅಂದರೆ ವೈನ್ ರುಚಿ ತೋರಿಸುವುದು, ಬಂದ್. ಸರಿ, ತೋಟ ಆದರೂ ನೋಡೋಣ ಅಂದರೆ ಕೊಯ್ಲು ಮುಗಿದು ಚಾಟನಿ, ಅಂದರೆ ಬಳ್ಳಿಯ ಕಡ್ಡಿ ಕತ್ತರಿಸುವುದು, ಮಾಡಿಬಿಟ್ಟಿದ್ದರು. ಬರೀ ಬೋಳು ಕಡ್ಡಿ. ಒಬ್ಬರು, "ಇದೇನ್ರೀ, ತೊಗರಿ ಕಡ್ಡಿ ನೆಟ್ಟ ಹಾಗಿದೆ" ಅಂದರು. ಬೆಳಿಗ್ಗೆ ಲಾಲ್‌ಬಾಗ್‌ನಲ್ಲೂ ಅಷ್ಟೇ. ಟಬೆಬುಯಾ ಮರದ ಹೂವು ಮುಗಿದಿತ್ತು, ಗುಲ್‌ಮೊಹರ್ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಎಲ್ಲರ ದುಡ್ಡೂ ವಾಪಸ್ ಕೊಟ್ಟೆ. ಗಾಡಿ, ಊಟ, ತಿಂಡಿ ಸೇರಿ ಕೈಯಿಂದ ಹೋಗಿದ್ದು ಹತ್ತತ್ತಿರ 12 ಸಾವಿರ. ಭಾವ ಬಾಡಿಗೆಯಲ್ಲಿ ಒಂದು ರೂಪಾಯಿ ಬಿಡಲಿಲ್ಲ.

ತಪ್ಪು ಎಲ್ಲಿತ್ತು ಅಂದರೆ, ನಾನು ಸರ್ಕಾರಿ ರಜೆ ನೋಡಿ ದಿನ ಇಟ್ಟಿದ್ದೆ. ಗಿಡದ ಕ್ಯಾಲೆಂಡರೇ ಬೇರೆ. ನಮ್ಮ ಕಡೆ ದ್ರಾಕ್ಷಿಗೆ ವರ್ಷಕ್ಕೆ ಎರಡು ಚಾಟನಿ. ಏಪ್ರಿಲ್‌ನಲ್ಲಿ ಒಂದು, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಇನ್ನೊಂದು. ಆ ಎರಡನೆಯದರಿಂದ ಬಂದ ಹಣ್ಣು ಜನವರಿ ಕೊನೆಯಿಂದ ಮಾರ್ಚ್‌ವರೆಗೆ ಕೊಯ್ಲಿಗೆ ಬರುತ್ತದೆ. ಯುರೋಪಿನಲ್ಲಿ ಕೊಯ್ಲು ಅಂದರೆ ನಮ್ಮಲ್ಲಿ ಮಳೆಗಾಲ ಮುಗಿಯುವ ಹೊತ್ತು. ವಸಂತದಲ್ಲಿ ಹೋದರೆ ಅಲ್ಲಿ ಬರೀ ಚಿಗುರು. ನಮ್ಮಲ್ಲಿ ಹೂವೂ ಹಣ್ಣೂ ಒಟ್ಟಿಗೆ ಸಿಗುತ್ತವೆ. ಈ ಪುಣ್ಯ ಎಲ್ಲರಿಗೂ ಇಲ್ಲ.

ಅದಾದ ಮೇಲೆ ಒಂದು ಡೈರಿ ಇಟ್ಟೆ. ವಾರಕ್ಕೊಮ್ಮೆ ಮೆಟ್ರೋ ಹತ್ತಿ ಲಾಲ್‌ಬಾಗ್‌ಗೆ ಹೋಗುವುದು, ಯಾವ ಮರ ಎಷ್ಟು ಬಿಟ್ಟಿದೆ ಅಂತ ಬರೆಯುವುದು. ವರ್ಷದ ಎಲ್ಲ ತಿಂಗಳಲ್ಲೂ ಊರಿನಲ್ಲಿ ಯಾವುದೋ ಒಂದು ಮರ ಹೂ ಬಿಟ್ಟಿರಬೇಕು ಅಂತ ಲೆಕ್ಕ ಹಾಕಿ ಸಾಲುಮರ ನೆಡಿಸಿದ್ದು ಆಗ ಲಾಲ್‌ಬಾಗ್ ನೋಡಿಕೊಳ್ಳುತ್ತಿದ್ದ ಕ್ರುಂಬಿಗಲ್. 1908ರಲ್ಲಿ ಬೆಂಗಳೂರಿಗೆ ಬಂದ ಜರ್ಮನ್ ಮನುಷ್ಯ, 1956ರಲ್ಲಿ ಇಲ್ಲೇ ತೀರಿಕೊಂಡರು. ಆಮೇಲೆ 1980ರ ದಶಕದಲ್ಲಿ ಅರಣ್ಯ ಇಲಾಖೆಯ ನೇಗಿನಹಾಳರು ಊರ ತುಂಬ ಗಿಡ ನೆಡಿಸಿದರು. ಇವರಿಬ್ಬರ ಕೆಲಸದ ಮೇಲೆ ನಾನು ಟಿಕೆಟ್ ಹಾಕಿ ದುಡ್ಡು ಮಾಡುತ್ತಿದ್ದೇನೆ, ಸುಳ್ಳು ಯಾಕೆ ಹೇಳಲಿ. ಡೈರಿ ಪ್ರಕಾರ ಟೂರ್‌ಗೆ ನನಗೆ ಸಿಕ್ಕ ಸಮಯ ಫೆಬ್ರವರಿ ಎರಡನೇ ವಾರದಿಂದ ಮಾರ್ಚ್ ಮಧ್ಯದವರೆಗೆ. ಹಳದಿ ಟಬೆಬುಯಾ, ಮುತ್ತುಗ, ಮಾವಿನ ಹೂವು, ನಾಗಲಿಂಗ, ಜೊತೆಗೆ ಕೊಯ್ಲು. ಐದಾರು ಭಾನುವಾರ, ಅಷ್ಟೇ. ಜನವರಿಯ ಫ್ಲವರ್ ಶೋ ಹೊತ್ತಿನಲ್ಲಿ ಮಾತ್ರ ಆ ಕಡೆ ಗಾಡಿ ಹಾಕಬೇಡಿ. ಹೂವಿಗಿಂತ ತಲೆ ಜಾಸ್ತಿ ಕಾಣುತ್ತೆ.

2020ರ ಫೆಬ್ರವರಿಯಲ್ಲಿ ಎರಡು ಟೂರ್ ಮಾಡಿದೆ. ನಷ್ಟ ಆಗಲಿಲ್ಲ, ಆದರೆ ಟೂರ್ ಸಪ್ಪೆ. ಬೆಳಿಗ್ಗೆ ಎರಡು ಗಂಟೆ ಪಾಠ ಮಾಡಿದ್ದೆ. ಹೈದರಾಲಿ 1760ರಲ್ಲಿ ಶುರು ಮಾಡಿದ ತೋಟ, 1889ರಲ್ಲಿ ಅಡಿಗಲ್ಲು ಹಾಕಿದ ಗಾಜಿನ ಮನೆ, ಮುನ್ನೂರು ಕೋಟಿ ವರ್ಷದ ಬಂಡೆ, ಎಲ್ಲ. ಜನ ಆಕಳಿಸಿದರು. ವೈನರಿಯಲ್ಲಿ ಇನ್ನೊಬ್ಬರ ಪಾಠ. ವಾಪಸ್ ಬರುವಾಗ ಗಾಡಿ ತುಂಬ ಗೊರಕೆ. ಭಾವ ಹೇಳಿದ್ದೇ ನಿಜ ಆಯಿತು. ಒಂದೇ ಟಿಕೆಟ್‌ನಲ್ಲಿ ಎರಡು ಟೂರ್, ಮಧ್ಯೆ ಸಂಬಂಧವೇ ಇಲ್ಲ.

ಎರಡನೇ ಟೂರ್‌ನಲ್ಲಿ ಒಂದು ಸಣ್ಣ ಘಟನೆ ಆಯಿತು. ಜಯನಗರದ ಒಬ್ಬರು, ಅರವತ್ತು ದಾಟಿದವರು, ಜನ್ಮದಲ್ಲಿ ವೈನ್ ಮುಟ್ಟಿದವರಲ್ಲ. ಕುಡಿಯಲ್ಲ, ಸುಮ್ನೆ ಮೂಸಿ ನೋಡ್ತೀನಿ ಅಂತ ಗ್ಲಾಸ್ ತೆಗೆದುಕೊಂಡರು. ಮೂಸಿದವರೇ, "ಅಯ್ಯೋ, ಇದು ದಪ್ಪ ಮೆಣಸಿನಕಾಯಿ ಹೆಚ್ಚಿದ ವಾಸನೆ ಕಣ್ರೀ" ಅಂದರು. ಟೇಸ್ಟಿಂಗ್ ಮಾಡಿಸುತ್ತಿದ್ದ ಹುಡುಗ ಬೆಪ್ಪಾದ. ಅದು ಕ್ಯಾಬರ್ನೆ ಸೊವಿನ್ಯೋ ಅನ್ನುವ ದ್ರಾಕ್ಷಿಯ ಕೆಂಪು ವೈನ್. ಆ ದ್ರಾಕ್ಷಿಯಲ್ಲಿ ಹಸಿ ಕ್ಯಾಪ್ಸಿಕಂ ವಾಸನೆ ಇರುತ್ತೆ ಅಂತ ಅವನು ತರಬೇತಿಯಲ್ಲಿ ಬಾಯಿಪಾಠ ಮಾಡಿದ್ದ. ಇವರು ಅಡುಗೆಮನೆಯಿಂದ ಕಲಿತಿದ್ದರು. ನಲವತ್ತು ವರ್ಷ ಸಾರಿನ ಪುಡಿ ಹುರಿದ ಮೂಗು ಅದು. ಧನಿಯಾ ಸೀದಿದ್ದು ಪಕ್ಕದ ರೂಮಿನಿಂದಲೇ ಗೊತ್ತಾಗುತ್ತೆ ಅವರಿಗೆ.

ನನಗೆ ದಾರಿ ಅಲ್ಲೇ ಸಿಕ್ಕಿತು. ಹೂವಿನ ತೋಟದಲ್ಲಿ ಕಣ್ಣಿಗೆ ಕೆಲಸ ಕೊಡಬಾರದು, ಮೂಗಿಗೆ ಕೊಡಬೇಕು. ಬೆಳಿಗ್ಗೆ ಮೂಗನ್ನು ಹದ ಮಾಡಿ ಮಧ್ಯಾಹ್ನ ಗ್ಲಾಸಿನ ಮುಂದೆ ಕೂರಿಸಬೇಕು.

ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ಟೂರ್ ಇಲ್ಲ, ಆದಾಯ ಇಲ್ಲ, ಸಮಯ ಮಾತ್ರ ಬೇಕಾದಷ್ಟು. ಮನೆಯಲ್ಲಿ ಸಣ್ಣ ಗಾಜಿನ ಡಬ್ಬಿಗಳಲ್ಲಿ ಕರಿಮೆಣಸು, ಲವಂಗ, ಸೀಬೆಹಣ್ಣು, ದಪ್ಪ ಮೆಣಸಿನಕಾಯಿ, ನೀಲಗಿರಿ ಎಲೆ, ಒದ್ದೆ ಮಣ್ಣು ಹಾಕಿ ಮಕ್ಕಳ ಕಣ್ಣಿಗೆ ಬಟ್ಟೆ ಕಟ್ಟಿ ಮೂಸಿಸಿದೆ. ಸೀಬೆ ಎರಡನೇ ದಿನಕ್ಕೇ ಹುಳಿ ಬರುತ್ತೆ, ಅದನ್ನು ಆವತ್ತೇ ಹೆಚ್ಚಬೇಕು. ಮಣ್ಣಿಗೆ ಟೆರೇಸಿನ ಕುಂಡದ್ದು ಆಗಲ್ಲ, ಗೊಬ್ಬರದ ನಾತ. ಕೆಮ್ಮಣ್ಣು ಒಣಗಿಸಿಟ್ಟು, ಮೂಸಿಸುವ ಮುಂಚೆ ನಾಲ್ಕು ಹನಿ ನೀರು ಹಾಕಬೇಕು. ನಮ್ಮ ಯಜಮಾನರು ನನ್ನ ಮುಖ್ಯ ಪರೀಕ್ಷಕರು. 2021ರಲ್ಲಿ ಅವರಿಗೆ ಕೊರೋನಾ ಬಂದು ಮೂರು ವಾರ ಮೂಗೇ ಹೋಯಿತು. ದಿನಾ ಬೆಳಿಗ್ಗೆ ಲವಂಗದ ಡಬ್ಬಿ ಹಿಡಿದು ಕೂತಿರುತ್ತಿದ್ದರು. ವಾಸನೆ ಬಂತು ಅಂತ ಹೇಳಿದ ದಿನ ಪಾಯಸ ಮಾಡಿದೆ.

2022ರ ಫೆಬ್ರವರಿಯಿಂದ ಹೊಸ ಕ್ರಮ. ಆರೂವರೆಗೆ ಡಬಲ್ ರೋಡ್ ಗೇಟು. ಸೆಂಟು, ಅತ್ತರು, ಮಲ್ಲಿಗೆ ಮುಡಿಯುವುದು ಯಾವುದೂ ಬೇಡ ಅಂತ ಮೊದಲೇ ಮೆಸೇಜ್. ಮಲ್ಲಿಗೆ ಬೇಡ ಅಂದಿದ್ದಕ್ಕೆ ಇಬ್ಬರು ಬುಕಿಂಗ್ ಕ್ಯಾನ್ಸಲ್ ಮಾಡಿದರು. ಲಾಲ್‌ಬಾಗ್‌ನಲ್ಲಿ 240 ಎಕರೆ ಇದೆ ಅಂತ ಎಲ್ಲ ಸುತ್ತಿಸಲು ಹೋಗಬೇಡಿ. ನಾನು ಏಳೋ ಎಂಟೋ ಮರದ ಹತ್ತಿರ ಮಾತ್ರ ನಿಲ್ಲಿಸುತ್ತೇನೆ. ಯಾವ ಮರ, ಯಾವ ಸಾಲು ಅನ್ನುವುದು ನನ್ನ ಹತ್ತಿರವೇ ಇರಲಿ. ನಾಗಲಿಂಗ ಒಂದು ಅಂತ ಹೇಳುತ್ತೇನೆ, ಅದು ಯಾರಿಗಾದರೂ ಹೊಳೆಯುವುದೇ. ಬಿದ್ದ ಹೂವನ್ನು ಬಗ್ಗಿ ಮೂಸುವುದು, ಎತ್ತುವುದಿಲ್ಲ. ಒಂದು ಸಲ ಯಾವುದೋ ಎಲೆ ಕಿತ್ತು ಉಜ್ಜಿ ತೋರಿಸುತ್ತಿದ್ದೆ. ಕಾವಲಿನವರು ಬಂದು ಹದಿನೈದು ಜನರ ಮುಂದೆ ಸರಿಯಾಗಿ ಬೈದರು. ಬೈದಿದ್ದು ನ್ಯಾಯವೇ. ಅದಕ್ಕೇ ಎಲೆ, ಕಾಳು, ಹಣ್ಣು ಎಲ್ಲ ಈಗ ಮನೆಯ ಡಬ್ಬಿಯಲ್ಲೇ ಹೋಗುತ್ತವೆ.

ನೀಲಗಿರಿ ಡಬ್ಬಿ ತೆಗೆಯುವಾಗ ಒಂದು ಕಥೆ ಹೇಳುತ್ತೇನೆ. ಆ ಮರವನ್ನು ನಮ್ಮ ಕಡೆಗೆ ತಂದು ನಂದಿಯಲ್ಲಿ ನೆಡಿಸಿದ್ದು ಟಿಪ್ಪು ಅಂತಾರೆ, ಸುಮಾರು 1790ರ ಹೊತ್ತಿಗೆ. ಈಗ ದೊಡ್ಡಬಳ್ಳಾಪುರ, ದೇವನಹಳ್ಳಿ ಸುತ್ತ ಎಲ್ಲಿ ನೋಡಿದರೂ ಅದೇ ತೋಪು. ತೋಟದ ಪಕ್ಕ ನೀಲಗಿರಿ ಇದ್ದರೆ ಕೆಂಪು ವೈನ್‌ಗೂ ಆ ವಾಸನೆ ಹತ್ತುತ್ತೆ. ಲಾಲ್‌ಬಾಗ್‌ನಲ್ಲಿ ಹೇಳಿದ್ದು ಮಧ್ಯಾಹ್ನ ಗ್ಲಾಸಿನಲ್ಲಿ ಸಿಕ್ಕಿದಾಗ ಜನ ಕೂಗಿಕೊಳ್ಳುತ್ತಾರೆ. ಪ್ರತಿ ಸಲ ಸಿಗಲ್ಲ. ಸಿಕ್ಕ ದಿನ ಟಿಪ್ಸ್ ಜಾಸ್ತಿ.

ಕಾಫಿಯದ್ದು ದೊಡ್ಡ ಗಲಾಟೆ. ನಾಲಗೆ ಕೆಡುತ್ತೆ ಅಂತ ಮೊದಲ ಸಲ ಕಾಫಿ ಕೊಡಲಿಲ್ಲ. ಬೆಂಗಳೂರಿನವರಿಗೆ ಬೆಳಿಗ್ಗೆ ಕಾಫಿ ಇಲ್ಲ ಅಂದರೆ ಕೇಳಬೇಕೇ? ಒಬ್ಬರಿಗೆ ನಿಜವಾಗಿ ತಲೆನೋವು ಬಂತು, ಉಳಿದವರಿಗೆ ಕೋಪ ಬಂತು. ಈಗ ಎಂಟೂವರೆಗೆ ಇಡ್ಲಿ, ಕಾಫಿ. ಚಟ್ನಿಗೆ ಬೆಳ್ಳುಳ್ಳಿ ಇಲ್ಲ. ಆಮೇಲೆ ನೀರು ಬಿಟ್ಟು ಏನೂ ಇಲ್ಲ. ಒಂಬತ್ತಕ್ಕೆ ಮುಂಚೆ ಹೆಬ್ಬಾಳ ದಾಟಿದರೆ ದಿನ ಗೆದ್ದ ಹಾಗೆ.

ನಂದಿ ಬೆಟ್ಟವನ್ನು ಪೂರ್ತಿ ಬಿಟ್ಟೆ. ವಾರಾಂತ್ಯದಲ್ಲಿ ಅಲ್ಲಿ ಬೆಳಗಿನ ಜಾವವೇ ಗಾಡಿಗಳ ಸಾಲು. ಬದಲಿಗೆ ಕೆಳಗೆ ನಂದಿ ಗ್ರಾಮದ ಭೋಗನಂದೀಶ್ವರ. ಒಂಬತ್ತನೇ ಶತಮಾನದಿಂದ ವಿಜಯನಗರದವರೆಗೆ ಒಬ್ಬರಾದ ಮೇಲೆ ಒಬ್ಬರು ಕಟ್ಟಿದ ದೇವಸ್ಥಾನ. ಮೊದಲು ಇದನ್ನು ವೈನರಿ ಆದ ಮೇಲೆ ಇಟ್ಟಿದ್ದೆ, ಸಂಜೆ ಬಿಸಿಲು ಚೆನ್ನಾಗಿರುತ್ತೆ ಅಂತ. ಗಾಡಿ ನಿಂತರೆ ಯಾರೂ ಇಳಿಯಲಿಲ್ಲ! "ಬಾಯಲ್ಲಿ ವಾಸನೆ ಇಟ್ಟುಕೊಂಡು ಈಶ್ವರನ ಮುಂದೆ ಹೇಗಮ್ಮ ನಿಲ್ಲೋದು?" ಹತ್ತು ವರ್ಷ ದೇವಸ್ಥಾನದ ಟೂರ್ ಮಾಡಿಸಿದ ನನಗೆ ಇದು ಹೊಳೆಯಲಿಲ್ಲವಲ್ಲ ಅಂತ ಇವತ್ತಿಗೂ ನಾಚಿಕೆ. ಈಗ ಮೊದಲು ದೇವರು, ಆಮೇಲೆ ದ್ರಾಕ್ಷಿ.

ತೋಟದಲ್ಲಿ ಎಲ್ಲರಿಗೂ ಒಂದೇ ಆಸೆ, ಹಣ್ಣು ತಿನ್ನಬೇಕು. ಒಪ್ಪಿಗೆ ಪಡೆದು ತಲೆಗೆ ನಾಲ್ಕು ಕಾಳು. ವೈನ್ ದ್ರಾಕ್ಷಿ ಸಣ್ಣದು, ಸಿಪ್ಪೆ ದಪ್ಪ, ಬೀಜ ಇರುತ್ತೆ, ಸಿಹಿ ಮಾತ್ರ ಮಾರ್ಕೆಟ್ಟಿನ ಹಣ್ಣಿಗಿಂತ ಜಾಸ್ತಿ. ಬೀಜ ಉಗಿಯಬೇಡಿ, ಕಚ್ಚಿ ನೋಡಿ ಅನ್ನುತ್ತೇನೆ. ಕಂದು ಬಣ್ಣಕ್ಕೆ ತಿರುಗಿ ಕಟುಂ ಅಂದರೆ ಹಣ್ಣು ಮಾಗಿದೆ. ಹಸಿರಿದ್ದರೆ ಒಗರು. ಪಕ್ಕದಲ್ಲೇ ರಸ್ತೆ ಬದಿಯಲ್ಲಿ ಕೊಂಡ ಬೆಂಗಳೂರು ನೀಲಿ ದ್ರಾಕ್ಷಿಯನ್ನೂ ಇಡುತ್ತೇನೆ. ಅದರ ವಾಸನೆಗೆ ಎಲ್ಲರೂ, "ಇದೇ ಕಣ್ರೀ ನಿಜವಾದ ದ್ರಾಕ್ಷಿ, ಸ್ಕೂಲಿನಲ್ಲಿ ತಿಂತಿದ್ದದ್ದು" ಅನ್ನುತ್ತಾರೆ. ಅಲ್ಲಿ ಐದು ನಿಮಿಷ ಬಾಲ್ಯದ ಮಾತು ನಡೆಯುತ್ತೆ. ನಾನು ತಡೆಯಲ್ಲ.

ನಂದಿ ತಪ್ಪಲಲ್ಲಿ ಈ ಕೆಲಸಕ್ಕೆ ದಾರಿ ಹಾಕಿದ್ದು ಗ್ರೋವರ್ ಮನೆತನ, 1988ರಲ್ಲಿ. ಫ್ರಾನ್ಸಿನ ಶಾಂಪೇನ್ ಕಡೆಯಿಂದ ಬಂದ ತಜ್ಞರ ಜೊತೆ ಸೇರಿ ಶುರು ಮಾಡಿದ್ದು. ನಾನು ಈಗ ಯಾವ ವೈನರಿಗೆ ಕರೆದುಕೊಂಡು ಹೋಗುತ್ತೇನೆ ಅನ್ನುವುದನ್ನು ಹೇಳಲ್ಲ, ರೇಟು ಮಾತಾಡಿ ಇಳಿಸಿಕೊಂಡಿದ್ದೇನೆ.

ಊಟದ ಜೊತೆಯೂ ಆಟ ಆಡಿದೆ. ಮೆಣಸಿನಕಾಯಿ ಬಜ್ಜಿಯ ಜೊತೆ ಕೆಂಪು ವೈನ್ ಕೊಟ್ಟರೆ ಬಾಯಿಗೆ ಬೆಂಕಿ. ಸ್ವಲ್ಪ ಸಿಹಿ ಇರುವ ಶೆನಿನ್ ಬ್ಲಾಂಕ್ ಅನ್ನುವ ಬಿಳಿ ವೈನ್ ಕೊಟ್ಟರೆ ತಣ್ಣಗೆ. ಬಸ್ಸಾರು, ಮುದ್ದೆ ಜೊತೆ ಶಿರಾಜ್ ಅನ್ನುವ ಕೆಂಪು ವೈನ್ ಅದ್ಭುತ. ಶಿರಾಜ್‌ನಲ್ಲಿ ಕರಿಮೆಣಸಿನ ವಾಸನೆ ಅಂತಾರಲ್ಲ, ಅದು ಹೋಲಿಕೆ ಅಲ್ಲ. ಕರಿಮೆಣಸಿನಲ್ಲಿ ಇರುವ ವಸ್ತುವೇ ಅದರಲ್ಲೂ ಇದೆ. ಹುಳಿಯನ್ನದ ಜೊತೆ ಮಾತ್ರ ಏನೂ ಹೊಂದಲಿಲ್ಲ, ನಾಲ್ಕು ಸಲ ನೋಡಿದೆ. ಚನ್ನಪಟ್ಟಣದ ಕಡೆಗೂ ಒಂದು ಟೂರ್ ಹಾಕಿದ್ದೆ. ಜನ ಬೊಂಬೆ ಅಂಗಡಿಯಲ್ಲೇ ಒಂದೂವರೆ ಗಂಟೆ ಕಳೆದರು, ವೈನ್ ಹೊತ್ತಿಗೆ ಸುಸ್ತು. ಅದನ್ನು ಅಲ್ಲಿಗೇ ಬಿಟ್ಟೆ.

ಇನ್ನೊಂದು ಪಾಠ. ಕೊಂಡ ಬಾಟಲಿಗಳನ್ನು ಜನರ ಕೈಗೆ ಕೊಡಬೇಡಿ. 2023ರಲ್ಲಿ ಹುಡುಗರ ಗುಂಪೊಂದು ಗಾಡಿಯಲ್ಲೇ ಬಾಟಲಿ ತೆಗೆದರು. ಡ್ರೈವರ್ ಯಲಹಂಕದ ಹತ್ತಿರ ಗಾಡಿ ನಿಲ್ಲಿಸಿ ಕೀ ಜೇಬಿಗೆ ಹಾಕಿಕೊಂಡ. ನಲವತ್ತು ನಿಮಿಷ ರಸ್ತೆ ಬದಿ. ಈಗ ಎಲ್ಲ ರಟ್ಟಿನ ಪೆಟ್ಟಿಗೆಯಲ್ಲಿ, ಡಿಕ್ಕಿಯಲ್ಲಿ. 21 ತುಂಬದವರಿಗೆ ದ್ರಾಕ್ಷಿ ರಸ ಮಾತ್ರ, ಅಪ್ಪ ಅಮ್ಮ ಒಪ್ಪಿದರೂ ಅಷ್ಟೇ.

ದುಡ್ಡಿನ ಲೆಕ್ಕ, ನೆನಪಿನಿಂದ ಹೇಳುತ್ತೇನೆ. ಈಗ ತಲೆಗೆ 3,200. ಹನ್ನೊಂದಕ್ಕಿಂತ ಜಾಸ್ತಿ ಜನರನ್ನು ಹತ್ತಿಸಲ್ಲ, ಡಬ್ಬಿ ಸುತ್ತು ಬರುವುದರೊಳಗೆ ವಾಸನೆ ಹಾರಿಹೋಗುತ್ತೆ. ಬರುವುದು 35 ಸಾವಿರ ಚಿಲ್ಲರೆ. ಗಾಡಿ, ಡ್ರೈವರ್ ಬಾಟಾ, ಟೋಲ್ ಎಂಟೂವರೆ ಸಾವಿರ. ವೈನರಿಗೆ ಹನ್ನೊಂದು. ಊಟ ತಿಂಡಿ ಆರು. ಟಿಕೆಟ್ಟು, ಸಣ್ಣಪುಟ್ಟದ್ದು ಒಂದೂವರೆ. ಉಳಿಯುವುದು ಎಂಟು ಸಾವಿರದ ಆಸುಪಾಸು. ಸೀಸನ್ನಿಗೆ ಐದಾರು ಟೂರ್. ಶ್ರೀಮಂತಳಾಗಿಲ್ಲ. ಆದರೆ ಎರಡು ವರ್ಷದಿಂದ ಒಂದು ಸೀಟೂ ಖಾಲಿ ಹೋಗಿಲ್ಲ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಐವತ್ತು ದಾಟಿದ ಹೆಂಗಸರು. ಸಾಫ್ಟ್‌ವೇರ್ ಹುಡುಗರು ಎಂಟು ಡಬ್ಬಿಯಲ್ಲಿ ಮೂರು ಹೇಳಿದರೆ ಇವರು ಏಳು ಹೇಳುತ್ತಾರೆ. ಎಂಟನೆಯದನ್ನು ಇದುವರೆಗೆ ಒಬ್ಬರೇ ಹೇಳಿದ್ದು. ಅದರಲ್ಲಿ ಏನಿದೆ ಅಂತ ಕೇಳಬೇಡಿ.

ಭಾವ ಈಗ ಡಿಸೆಂಬರ್‌ನಲ್ಲೇ ಫೋನ್ ಮಾಡುತ್ತಾರೆ, ಫೆಬ್ರವರಿಯ ಯಾವ ಭಾನುವಾರಕ್ಕೆ ಗಾಡಿ ಇಡಲಿ ಅಂತ. ಮರ ನೋಡಿಕೊಂಡು ಹೇಳುತ್ತೇನೆ ಅಂದರೆ ರೇಗುತ್ತಾರೆ. ಕಿಲೋಮೀಟರಿಗೆ ಎರಡು ರೂಪಾಯಿ ಬೇರೆ ಏರಿಸಿದ್ದಾರೆ. ಅದರ ಜಗಳ ಇನ್ನೂ ಮುಗಿದಿಲ್ಲ.