ಪದಕ್ಕೆ ಎಷ್ಟು ಪೈಸೆ ಅಲ್ಲ, ಗಂಟೆಗೆ ಎಷ್ಟು ರೂಪಾಯಿ?

ನಮ್ಮ ಬೀದಿಯ ಕೊನೆಯ ಮನೆಯ ಹುಡುಗಿ ಬಿ.ಎ. ಮುಗಿಸಿದ್ದಾಳೆ. ಕೆಎಎಸ್‌ಗೆ ಓದುತ್ತಿದ್ದೇನೆ ಅನ್ನುತ್ತಾಳೆ, ಓದುತ್ತಾಳೆ ಕೂಡ. ಹೋದ ಶ್ರಾವಣದಲ್ಲಿ ಮೊಬೈಲ್ ಹಿಡಿದುಕೊಂಡು ಬಂದಳು. "ಅಕ್ಕಾ, ಮನೆಯಲ್ಲೇ ಕೂತು ಲೇಖನ ಬರೆದರೆ ತಿಂಗಳಿಗೆ ಮೂವತ್ತು ಸಾವಿರ ಅಂತೆ. ನಿಜಾನಾ?"

ನಾನು ದಾವಣಗೆರೆಯ ಒಂದು ಡಿಟಿಪಿ ಅಂಗಡಿಯಲ್ಲಿ ಹನ್ನೊಂದು ವರ್ಷ ಲಗ್ನಪತ್ರಿಕೆ, ಕರಪತ್ರ, ಕೋರ್ಟಿನ ಅರ್ಜಿ ಟೈಪ್ ಮಾಡಿದವಳು. ಈಗ ಆರು ವರ್ಷದಿಂದ ಮನೆಯಲ್ಲೇ ಬರೆದು, ಅನುವಾದ ಮಾಡಿ ದುಡಿಯುತ್ತಿದ್ದೇನೆ. ಬರೆದರೆ ದುಡ್ಡು ಬರುತ್ತದೆ, ಅದು ನಿಜ. ಯಾವ ದಾರಿಯಲ್ಲಿ ಎಷ್ಟು ಬರುತ್ತದೆ ಅನ್ನುವುದರಲ್ಲಿ ಮಾತ್ರ ಅಜಗಜಾಂತರ ಇದೆ. ಅವಳಿಗೆ ಅಂದು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹೆಜ್ಜೆ 1: ಒಂದು ನೋಟ್‌ಬುಕ್ ಇಡಿ

ಕಂಪ್ಯೂಟರ್‌ಗಿಂತ ಮೊದಲು ಇದು ಬೇಕು. ತಾರೀಖು, ಕೆಲಸ, ಹಿಡಿದ ಗಂಟೆ, ಕೈಗೆ ಬಂದ ದುಡ್ಡು, ಇಷ್ಟು ಬರೆದರೆ ಸಾಕು. ಗಂಟೆ ಅಂದರೆ ಟೈಪ್ ಮಾಡಿದ ಸಮಯ ಮಾತ್ರ ಅಲ್ಲ. ವಿಷಯ ಹುಡುಕಿದ್ದು, ಫೋನಿನಲ್ಲಿ ಮಾತಾಡಿದ್ದು, "ಇನ್ನೊಂದ್ಸಲ ತಿದ್ದಿಕೊಡಿ" ಅಂದಾಗ ತಿದ್ದಿದ್ದು, ದುಡ್ಡಿಗಾಗಿ ನೆನಪಿಸಿದ್ದು ಎಲ್ಲವನ್ನೂ ಸೇರಿಸಿ. ಬಂದ ದುಡ್ಡನ್ನು ಆ ಗಂಟೆಗಳಿಂದ ಭಾಗಿಸಿ. ಬೇರೆ ಬೇರೆ ದಾರಿಗಳನ್ನು ಹೋಲಿಸಿ ನೋಡಲು ನನಗೆ ಗೊತ್ತಿರುವ ತಕ್ಕಡಿ ಇದೊಂದೇ.

ಹೆಜ್ಜೆ 2: ಅಕ್ಷರ ಸರಿ ಮಾಡಿಕೊಳ್ಳಿ

ನಮ್ಮ ಕಡೆಯ ಡಿಟಿಪಿ ಅಂಗಡಿಗಳಲ್ಲಿ ಕಲಿತವರೆಲ್ಲ ಒಂದಲ್ಲ ಒಂದು ಸಲ ಎಡವುವ ಜಾಗ ಇದು. ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಚೆಂದವಾಗಿ ಟೈಪ್ ಮಾಡಿ ಮೇಲ್‌ನಲ್ಲಿ ಅಂಟಿಸಿ ಕಳಿಸುತ್ತೀರಿ. ಆ ಕಡೆಯವರಿಗೆ ಕಾಣುವುದು ಇಂಗ್ಲಿಷ್ ಅಕ್ಷರಗಳಿಗೆ ಕೊಂಬು, ಟೋಪಿ ಹಾಕಿದಂಥ ಗೋಜಲು. ಆನ್‌ಲೈನ್ ಕೆಲಸಕ್ಕೆ ಯೂನಿಕೋಡ್, ಅಂದರೆ ಯಾರ ಮೊಬೈಲು, ಕಂಪ್ಯೂಟರಿನಲ್ಲಿ ತೆರೆದರೂ ಕನ್ನಡವಾಗಿಯೇ ಕಾಣುವ ಅಕ್ಷರ, ಬೇಕೇ ಬೇಕು. ಸಮಾಧಾನದ ವಿಷಯ ಅಂದರೆ, ನುಡಿಯ ಹೊಸ ಆವೃತ್ತಿಗಳಲ್ಲಿ ಅದೇ ಕಗಪ ಕೀಲಿಮಣೆಯಲ್ಲಿ ಯೂನಿಕೋಡ್ ಟೈಪ್ ಮಾಡಬಹುದು. ಬೆರಳುಗಳು ಹೊಸದಾಗಿ ಏನನ್ನೂ ಕಲಿಯಬೇಕಾಗಿಲ್ಲ. ಹಳೆಯ ಫೈಲುಗಳನ್ನು ಬದಲಾಯಿಸಿಕೊಡುವ ಪರಿವರ್ತಕಗಳೂ ಉಚಿತವಾಗಿ ಸಿಗುತ್ತವೆ. ಬದಲಾಯಿಸಿದ ಮೇಲೆ ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಮಾತ್ರ ಕಣ್ಣಲ್ಲಿ ಕಣ್ಣಿಟ್ಟು ನೋಡಿ.

ಮೊಬೈಲ್ ಮಾತ್ರ ಇರುವವರು ಜಿಬೋರ್ಡ್‌ನಲ್ಲಿ ಹೇಳಿ ಬರೆಸಬಹುದು. ನಾನು ಮೊದಲ ಕರಡನ್ನು ಅಡುಗೆಮನೆಯಲ್ಲಿ ಹಾಗೇ ಬರೆಸುತ್ತೇನೆ. ಕುಕ್ಕರ್ ಕೂಗಿದಾಗ ಅದೇನೇನೋ ಬರೆದುಕೊಳ್ಳುತ್ತದೆ, ಅಷ್ಟೆ.

ಹೆಜ್ಜೆ 3: ದಾರಿಗಳನ್ನು ತೂಗಿ ನೋಡಿ

ಬೇರೆಯವರ ತಾಣಗಳಿಗೆ ಲೇಖನ ಬರೆಸಿಕೊಡುವ ಕಂಟೆಂಟ್ ಏಜೆನ್ಸಿಗಳಿಂದ ಶುರು ಮಾಡೋಣ, ಜಾಹೀರಾತು ಜಾಸ್ತಿ ಕಾಣುವುದು ಅವುಗಳದ್ದೇ. ನಾನು ಶುರು ಮಾಡಿದಾಗ ಪದಕ್ಕೆ 25 ಪೈಸೆ ಕೊಟ್ಟರು. ಸಾವಿರ ಪದ ಬರೆದರೆ 250 ರೂಪಾಯಿ. ಓದಿ, ಬರೆದು, ತಿದ್ದುವಷ್ಟರಲ್ಲಿ ನಾಲ್ಕು ಗಂಟೆ. ಅಂದರೆ ಗಂಟೆಗೆ 62 ರೂಪಾಯಿ. "ಹತ್ತು ಒಳ್ಳೆಯ ಮಿಕ್ಸಿಗಳು", "ಕೂದಲು ಉದುರದಿರಲು ಏಳು ಉಪಾಯ" ಇಂಥವೇ ಲೇಖನಗಳು. ಈಗ ಇವನ್ನು ಎಐ ನಿಮಿಷದಲ್ಲಿ ಬರೆದು ಕೊಡುತ್ತದೆ. ಹೊಸದಾಗಿ ಶುರು ಮಾಡುವವರು ಈ ದಾರಿಗೆ ಹೋಗದಿರುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಫೈವರ್, ಅಪ್‌ವರ್ಕ್‌ನಂಥ ವಿದೇಶಿ ಸಂತೆಗಳೂ ಇವೆ, ಬಿಡಿ ಕೆಲಸ ಕೊಡುವವರೂ ಮಾಡುವವರೂ ಸೇರುವ ತಾಣಗಳು. ಫೈವರ್ ನಿಮ್ಮ ಗಳಿಕೆಯಲ್ಲಿ 20 ಪರ್ಸೆಂಟ್ ಇಟ್ಟುಕೊಳ್ಳುತ್ತದೆ. 5 ಡಾಲರ್ ಕೆಲಸ ಮಾಡಿದರೆ ನಿಮಗೆ ಉಳಿಯುವುದು 4. ಅಪ್‌ವರ್ಕ್‌ನಲ್ಲಿ ಕೆಲಸಕ್ಕೆ ಅರ್ಜಿ ಹಾಕಲು 'ಕನೆಕ್ಟ್ಸ್' ಅನ್ನುವ ಟೋಕನ್ ಬೇಕು. ಉಚಿತವಾಗಿ ಸಿಕ್ಕವು ಖಾಲಿಯಾದ ಮೇಲೆ ದುಡ್ಡು ಕೊಟ್ಟು ಕೊಳ್ಳಬೇಕು. ಇಂಗ್ಲಿಷ್ ಲೇಖನ ಬರೆಯಲು ಅಲ್ಲಿ ಜಗತ್ತೇ ಸಾಲಿನಲ್ಲಿ ನಿಂತಿದೆ. ಕನ್ನಡ ಗೊತ್ತು ಅಂತ ಹೋದರೆ ಸಾಲು ಚಿಕ್ಕದು. ಕೆಲಸವೂ ಆಗೊಮ್ಮೆ ಈಗೊಮ್ಮೆ ಬರುತ್ತದೆ.

ಸ್ವಂತ ಬ್ಲಾಗ್ ಮಾಡಿ ಗೂಗಲ್ ಆಡ್‌ಸೆನ್ಸ್ ಜಾಹೀರಾತು ಹಾಕುವುದು ಎಲ್ಲರ ಕನಸು. ಬ್ಲಾಗರ್‌ನಲ್ಲಿ ಖರ್ಚಿಲ್ಲದೆ ಶುರು ಮಾಡಬಹುದು. ಗಳಿಕೆ 10 ಡಾಲರ್ ಆದಾಗ ನಿಮ್ಮ ವಿಳಾಸ ಖಚಿತ ಮಾಡಿಕೊಳ್ಳಲು ಅಂಚೆಯಲ್ಲಿ ಒಂದು ಪಿನ್ ಬರುತ್ತದೆ. 100 ಡಾಲರ್ ತುಂಬುವ ತನಕ ಬ್ಯಾಂಕಿಗೆ ಒಂದು ಪೈಸೆಯೂ ಬರುವುದಿಲ್ಲ. 100 ಡಾಲರ್ ಅಂದರೆ ಎಂಟೂವರೆ ಸಾವಿರ ರೂಪಾಯಿಗೂ ಮೇಲೆ ಅಂತ ಹಿಡಿಯಿರಿ. ಸಾವಿರ ಸಲ ಪುಟ ತೆರೆದರೆ 40 ರೂಪಾಯಿ ಬಂತು ಅಂತಿಟ್ಟುಕೊಂಡರೂ, ಎರಡು ಲಕ್ಷಕ್ಕೂ ಹೆಚ್ಚು ಸಲ ಯಾರಾದರೂ ನಿಮ್ಮ ಪುಟ ತೆರೆಯಬೇಕು. 2011ರ ಜನಗಣತಿಯಲ್ಲಿ ದಾವಣಗೆರೆ ನಗರದ ಜನಸಂಖ್ಯೆ ಸುಮಾರು 4.3 ಲಕ್ಷ. ಹಸುಗೂಸುಗಳನ್ನೂ ಸೇರಿಸಿ ಅರ್ಧ ಊರು ನಿಮ್ಮನ್ನು ಓದಿದರೆ ಒಂದು ಸಲದ ಸಂಬಳ! ಬ್ಲಾಗ್ ಬೇಡ ಅನ್ನುತ್ತಿಲ್ಲ. ಅದನ್ನು ನಿಮ್ಮ ಅಂಗಡಿಯ ಬೋರ್ಡ್ ಅಂತ ತಿಳಿದುಕೊಳ್ಳಿ, ಗಲ್ಲಾಪೆಟ್ಟಿಗೆ ಅಂತ ಅಲ್ಲ.

ಕಥೆ ಬರೆಯುವವರಿಗೆ ಪ್ರತಿಲಿಪಿ ಇದೆ. ಧಾರಾವಾಹಿಯ ಹಾಗೆ ಕಂತು ಕಂತಾಗಿ ಬರೆದು ಓದುಗರನ್ನು ಹಿಡಿದಿಟ್ಟರೆ ಚಂದಾದಿಂದ ಪಾಲು ಬರುತ್ತದೆ. ಲೇಖನಕ್ಕೆ ಅದು ಜಾಗ ಅಲ್ಲ. ಸಬ್‌ಸ್ಟ್ಯಾಕ್‌ನಲ್ಲಿ ಓದುಗರಿಂದಲೇ ಚಂದಾ ಪಡೆಯಬಹುದು, ಆದರೆ ಅದರ ದುಡ್ಡು ಬರುವುದು ಸ್ಟ್ರೈಪ್ ಅನ್ನುವ ಪಾವತಿ ಕಂಪನಿಯ ಮೂಲಕ. ಭಾರತದ ಹೊಸಬರಿಗೆ ಸ್ಟ್ರೈಪ್ ಖಾತೆ ಸುಲಭಕ್ಕೆ ಸಿಗುವುದಿಲ್ಲ, ಅಲ್ಲಿಗೆ ಆ ಮಾತು ಮುಗಿಯಿತು. ಪತ್ರಿಕೆಗಳ ಪುರವಣಿಗೆ ಬರೆದರೆ ಗೌರವಧನ ಚಿಕ್ಕದು. ಆದರೆ ಅಚ್ಚಾದ ಹೆಸರು ಮುಂದಿನ ಕೆಲಸ ತರುತ್ತದೆ.

ಈಗ ನನಗೆ ಅನ್ನ ಹಾಕುತ್ತಿರುವ ದಾರಿಗೆ ಬರೋಣ. ಇಂಗ್ಲಿಷ್‌ನಿಂದ ಕನ್ನಡಕ್ಕೆ ಅನುವಾದ. ಔಷಧಿ ಕಂಪನಿ, ಬ್ಯಾಂಕ್, ಬೀಜ-ಗೊಬ್ಬರದವರು, ಆ್ಯಪ್ ಮಾಡುವವರು ಎಲ್ಲರಿಗೂ ಕನ್ನಡ ಬೇಕು. ಪ್ರೋಜ಼್ ಅನ್ನುವ ತಾಣದಲ್ಲಿ ಹೆಸರು ಬರೆಸಿದರೆ ಅನುವಾದದ ಏಜೆನ್ಸಿಗಳು ಕಣ್ಣಿಗೆ ಬೀಳುತ್ತವೆ. ನನಗೆ ಈಗ ಪದಕ್ಕೆ ಒಂದು ರೂಪಾಯಿ ಸಿಗುತ್ತದೆ. ಗಂಟೆಗೆ 250 ಪದ ಸಾಗುತ್ತದೆ, ಅಂದರೆ 250 ರೂಪಾಯಿ. 62ರ ಪಕ್ಕ ಇಟ್ಟು ನೋಡಿ.

ಇಲ್ಲೂ ಎಐ ಬಂದಿದೆ. "ಯಂತ್ರ ಅನುವಾದ ಮಾಡಿದೆ, ನೀವು ಸುಮ್ನೆ ಒಮ್ಮೆ ನೋಡಿಕೊಡಿ" ಅಂತ ಅರ್ಧ ರೇಟಿಗೆ ಕೇಳುತ್ತಾರೆ. ಒಪ್ಪುವ ಮೊದಲು ಎರಡು ಪುಟ ಕೇಳಿ ಓದಿ. ನನಗೆ ಬಂದ ಒಂದು ಆರೋಗ್ಯದ ಕರಪತ್ರದಲ್ಲಿ ನೆಗಡಿಯ ಲಕ್ಷಣ "ಓಡುವ ಮೂಗು" ಅಂತಿತ್ತು. ನಮ್ಮ ಕಡೆ ಮೂಗು ಸೋರುತ್ತದೆ, ಓಡುವುದಿಲ್ಲ. ಅಂಥದ್ದನ್ನು ತಿದ್ದುವುದಕ್ಕಿಂತ ಹೊಸದಾಗಿ ಬರೆಯುವುದೇ ಬೇಗ. ಹಾಗಾಗಿ ಆ ಕೆಲಸಕ್ಕೆ ಪದದ ಲೆಕ್ಕ ಬೇಡ, ಗಂಟೆಯ ಲೆಕ್ಕ ಕೇಳಿ.

ಯಾರೂ ಹೇಳದ ಇನ್ನೊಂದು ದಾರಿ ನಮ್ಮ ಊರೇ. ಮಂಡಿಪೇಟೆ, ಚೌಕಿಪೇಟೆಯ ಅಂಗಡಿಗಳು, ಕೋಚಿಂಗ್ ಸೆಂಟರ್, ಹಲ್ಲಿನ ಆಸ್ಪತ್ರೆ, ಚನ್ನಗಿರಿ ಕಡೆಯ ಅಡಿಕೆ ವ್ಯಾಪಾರಿಗಳು ಎಲ್ಲರೂ ಗೂಗಲ್ ಮ್ಯಾಪಿನಲ್ಲಿ ಇದ್ದಾರೆ. ಬಹಳ ಜನರ ಪುಟದಲ್ಲಿ ಒಂದು ಸಾಲು ಕನ್ನಡವೂ ಇಲ್ಲ. ನಾಲ್ಕು ಪುಟ ಬರೆದುಕೊಡುತ್ತೇನೆ, ಇಷ್ಟು ಆಗುತ್ತೆ, ಅರ್ಧ ಮುಂಗಡ ಅಂತ ನೇರವಾಗಿ ಹೋಗಿ ಕೇಳಿ. ನಡುವೆ ಏಜೆನ್ಸಿ ಇಲ್ಲ, ಡಾಲರ್ ಇಲ್ಲ, ಯುಪಿಐನಲ್ಲಿ ದುಡ್ಡು ಬರುತ್ತದೆ. ಚೌಕಾಸಿ ಮಾತ್ರ ತರಕಾರಿ ಸಂತೆಗಿಂತ ಜೋರು.

ಹೆಜ್ಜೆ 4: ಮೂರು ಮಾದರಿ ಬರೆದಿಟ್ಟುಕೊಳ್ಳಿ

ಕೆಲಸ ಕೊಡುವವರು ಮೊದಲು ಕೇಳುವುದು "ಏನು ಬರೆದಿದ್ದೀರಿ, ತೋರಿಸಿ" ಅಂತ. ಅವರು ಕೇಳುವ ಮೊದಲೇ ಬರೆದಿಟ್ಟುಕೊಳ್ಳಿ. ಎಲ್ಲರೂ ಬರೆಯುವುದನ್ನು ಬರೆಯಬೇಡಿ. ಸೂಳೆಕೆರೆಯ ಬಗ್ಗೆ "ಏಷ್ಯಾದಲ್ಲೇ ಎರಡನೇ ದೊಡ್ಡ ಕೆರೆ" ಅಂತ ಒಬ್ಬರನ್ನು ನೋಡಿ ಒಬ್ಬರು ಬರೆದಿರುವುದು ಎಷ್ಟಿದೆ! ಅದರ ಬದಲು ಆ ನೀರು ನಂಬಿದ ಒಂದು ತೋಟಕ್ಕೆ ಹೋಗಿ, ಅಡಿಕೆ ಕೊಯ್ಲಿನಿಂದ ಮಂಡಿಯ ತನಕ ಏನಾಗುತ್ತದೆ ಅಂತ ಬರೆಯಿರಿ. ಚಿತ್ರದುರ್ಗದವರಾದರೆ 2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದ ದಿನ ಏನು ನೋಡಿದಿರಿ ಅಂತ ಬರೆಯಿರಿ. 1933ರ ನಂತರ ಅದು ಮೊದಲ ಸಲ ಕೋಡಿ ಬಿದ್ದದ್ದು. ನಿಮ್ಮ ಅಜ್ಜಿಯೂ ಬಹುಶಃ ಕಂಡಿರದ ದೃಶ್ಯ. ಮೊಳಕಾಲ್ಮೂರಿನವರಿಗೆ ಮಗ್ಗ ಇದೆ. ಚಳ್ಳಕೆರೆಯವರಿಗೆ ಶೇಂಗಾ ಇದೆ, ಕುರಿ ಕಂಬಳಿ ಇದೆ. ಹೋಗಿ ನೋಡಿ ಬರೆಯುವ ಕೆಲಸ ಯಾವ ಎಐಗೂ ಬರುವುದಿಲ್ಲ.

ಒಂದು ಮಾದರಿ ಇಂಥದ್ದಿರಲಿ. ಇನ್ನೊಂದು ಅನುವಾದ ಇರಲಿ, ಮೂಲ ಪಕ್ಕದಲ್ಲೇ ಇರಲಿ. ಮೂರನೆಯದು ಅಂಗಡಿಯೊಂದರ ಪರಿಚಯ.

ಹೆಜ್ಜೆ 5: ದುಡ್ಡು ಹೇಗೆ ಬರುತ್ತದೆ ಅಂತ ಮೊದಲೇ ತಿಳಿಯಿರಿ

ಪ್ಯಾನ್ ಕಾರ್ಡ್ ಬೇಕು. ಇಲ್ಲಿನ ಕಂಪನಿಗಳು ವರ್ಷಕ್ಕೆ ಒಂದು ಮಿತಿ ದಾಟಿದರೆ ಸಾಮಾನ್ಯವಾಗಿ 10 ಪರ್ಸೆಂಟ್ ಟಿಡಿಎಸ್, ಅಂದರೆ ದುಡ್ಡು ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ, ಹಿಡಿಯುತ್ತವೆ. 2025ರ ಏಪ್ರಿಲ್‌ನಲ್ಲಿ ಆ ಮಿತಿ 30 ಸಾವಿರದಿಂದ 50 ಸಾವಿರಕ್ಕೆ ಏರಿತು. ಪ್ಯಾನ್ ಕೊಡದಿದ್ದರೆ 20 ಪರ್ಸೆಂಟ್ ಹೋಗುತ್ತದೆ. ಹಿಡಿದದ್ದು ಹೋದ ದುಡ್ಡಲ್ಲ. ನಿಮ್ಮ ಆದಾಯ ತೆರಿಗೆಗೆ ಬರದಷ್ಟಿದ್ದರೆ ರಿಟರ್ನ್ ಸಲ್ಲಿಸಿ ವಾಪಸ್ ಪಡೆಯಬಹುದು. ನಾನು ಮೊದಲ ಎರಡು ವರ್ಷ ಇದು ಗೊತ್ತಿಲ್ಲದೆ ಬಿಟ್ಟೆ, ಈಗಲೂ ಹೊಟ್ಟೆ ಉರಿಯುತ್ತದೆ.

ಹೊರದೇಶದ ದುಡ್ಡಿಗೆ ಸಾಮಾನ್ಯವಾಗಿ ಪೇಪ್ಯಾಲ್ ಅಥವಾ ಪೇಯೋನಿಯರ್ ಖಾತೆ ಬೇಕು. ಪೇಪ್ಯಾಲ್ 2021ರ ಏಪ್ರಿಲ್‌ನಿಂದ ಭಾರತದೊಳಗಿನ ಪಾವತಿ ನಿಲ್ಲಿಸಿದೆ, ವಿದೇಶದಿಂದ ಬರುವ ದುಡ್ಡಿಗೆ ಮಾತ್ರ ನಡೆಯುತ್ತದೆ. ಅವರ ಶುಲ್ಕ, ಡಾಲರನ್ನು ರೂಪಾಯಿ ಮಾಡುವಾಗಿನ ಕಡಿತ ಎರಡೂ ಇವೆ. ನೋಟ್‌ಬುಕ್ಕಿನಲ್ಲಿ "ಕೈಗೆ ಬಂದ ದುಡ್ಡು" ಅಂತ ಬರೆಯಲು ಹೇಳಿದ್ದು ಇದಕ್ಕೇ.

ಹೆಜ್ಜೆ 6: ಮೋಸ ಗುರುತಿಸಿ

ನನಗೆ ಆದದ್ದು ಹೇಳುತ್ತೇನೆ. ಶುರುವಿನಲ್ಲಿ ಒಂದು ಕಂಪನಿ "ಟ್ರಯಲ್" ಅಂತ ಹನ್ನೆರಡು ಲೇಖನ ಬರೆಸಿಕೊಂಡಿತು. ಹದಿಮೂರನೆಯದಕ್ಕೆ ದುಡ್ಡು ಕೇಳಿದೆ, ಆಮೇಲೆ ಫೋನ್ ಎತ್ತಲೇ ಇಲ್ಲ. ಹನ್ನೆರಡೂ ಅವರ ತಾಣದಲ್ಲಿ ಬೇರೆಯವರ ಹೆಸರಲ್ಲಿ ಬಂದವು. ಈಗ ಟ್ರಯಲ್‌ಗೆ 200 ಪದ, ಅದಕ್ಕಿಂತ ಒಂದು ಸಾಲು ಜಾಸ್ತಿ ಇಲ್ಲ.

ಇದಕ್ಕಿಂತ ಕೆಟ್ಟದ್ದು ಫಾರಂ ಟೈಪಿಂಗ್ ಮೋಸ. ಹತ್ತು ದಿನದಲ್ಲಿ ನೂರಾರು ಫಾರಂ ತುಂಬಿ, ಮೂವತ್ತು ಸಾವಿರ ಪಡೆಯಿರಿ ಅನ್ನುತ್ತಾರೆ. ಮೊದಲೇ ಒಂದು ಒಪ್ಪಂದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಹತ್ತನೇ ದಿನ "ತಪ್ಪು ಜಾಸ್ತಿ ಇದೆ, ಒಪ್ಪಂದ ಮುರಿದಿದ್ದೀರಿ" ಅಂತ ಫೋನ್ ಬರುತ್ತದೆ. ಆಮೇಲೆ "ವಕೀಲರು" ಫೋನ್ ಮಾಡಿ, ದುಡ್ಡು ಕಟ್ಟದಿದ್ದರೆ ಕೇಸ್ ಅನ್ನುತ್ತಾರೆ. ಅಪ್ಪ-ಅಮ್ಮನಿಗೆ ಗೊತ್ತಾಗಬಾರದು ಅಂತ ಹುಡುಗರು ಕಟ್ಟಿಬಿಡುತ್ತಾರೆ. ಕಟ್ಟಬೇಡಿ. ಆಗಲೇ ಕಳೆದುಕೊಂಡಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ. ಅಂದ ಹಾಗೆ, ನಮ್ಮ ಹುಡುಗಿ ಮೊಬೈಲ್‌ನಲ್ಲಿ ತೋರಿಸಿದ ಆ ಮೂವತ್ತು ಸಾವಿರದ ಜಾಹೀರಾತು ಇದೇ ಜಾತಿಯದ್ದು. ನೋಂದಣಿಗೆ 999 ರೂಪಾಯಿ ಕೇಳಿದ್ದರು. ಕೆಲಸ ಕೊಡುವವರು ನಿಮ್ಮಿಂದ ದುಡ್ಡು ಕೇಳಿದರೆ ಅಲ್ಲಿಗೇ ಬಿಟ್ಟುಬಿಡಿ.

ಹೆಜ್ಜೆ 7: ಮೂರು ತಿಂಗಳು ಕೊಡಿ

ಮೊದಲ ತಿಂಗಳು ಮಾದರಿಗಳು. ಎರಡನೆಯ ತಿಂಗಳು ದಿನಕ್ಕೆ ಇಬ್ಬರಿಗೆ ಮೇಲ್, ವಾರಕ್ಕೆ ಎರಡು ಅಂಗಡಿ. ಮೂರನೆಯ ತಿಂಗಳ ಕೊನೆಗೆ ನೋಟ್‌ಬುಕ್ ತೆಗೆದು, ಗಂಟೆಗೆ ಅತಿ ಕಡಿಮೆ ಕೊಟ್ಟ ಕೆಲಸ ಯಾವುದೋ ಅದನ್ನು ಬಿಡಿ.

ನಮ್ಮ ಹುಡುಗಿಗೆ ಮೊದಲ ಕೆಲಸ ಸಿಕ್ಕಿದ್ದು ದೀಪಾವಳಿ ಆದ ಮೇಲೆ. ಬೀಜದ ಅಂಗಡಿಯೊಂದಕ್ಕೆ ಮೆಕ್ಕೆಜೋಳದ ಬಗ್ಗೆ 640 ಪದದ ಅನುವಾದ. ಬಿಲ್ 640 ರೂಪಾಯಿ. ಅಂಗಡಿಯವರು ಓದಿ, ಚೆನ್ನಾಗಿದೆಯಮ್ಮ ಅಂತ ಹೊಗಳಿ, 600 ಹಾಕಿದರು. ಉಳಿದದ್ದು ಕೇಳಿದರೆ ಚಿಲ್ಲರೆ ಇಲ್ಲ ಅಂದರಂತೆ. ಕೊಟ್ಟಿದ್ದು ಫೋನ್‌ಪೇಯಲ್ಲಿ! ಎರಡೂವರೆ ಗಂಟೆಯ ಕೆಲಸ. ನೋಟ್‌ಬುಕ್ಕಿನಲ್ಲಿ ಅವಳು ಗಂಟೆಗೆ 240 ಅಂತ ಬರೆದಿದ್ದಾಳೆ, ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ "40 ಬಾಕಿ".